'ಖುಬೂಲ್' ಅಂದದ್ದು ಯಾವುದಕ್ಕೆ?

ಗಂಡಸರ ಕಡೆಗೆ ಮನಸ್ಸಿರುವ ಹುಡುಗನಿಗೆ ಹುಡುಗಿಯ ಜೊತೆ ಮದುವೆ ಗೊತ್ತಾದ ಪ್ರಕರಣ, ಒಂದೇ ವರ್ಷದಲ್ಲಿ ಸಲಹೆ ಕೊಡುವ ನನ್ನ ಹತ್ತಿರ ಬಂದದ್ದು ಇದು ನಾಲ್ಕನೇ ಸಲ. ಅದಕ್ಕೇ ಬರೆಯುತ್ತಿದ್ದೇನೆ. ಹೆಸರು, ಓಣಿ, ವಯಸ್ಸು ಎಲ್ಲ ಬದಲಿಸಿದ್ದೇನೆ. ಬರೆದದ್ದನ್ನು ಅವನಿಗೆ ಓದಿ ಹೇಳಿ, ಅವನು ಹೂಂ ಅಂದ ಮೇಲೆಯೇ ಇಲ್ಲಿ ಹಾಕಿದ್ದೇನೆ.

ಅವನನ್ನು ಸಲೀಮ್ ಅನ್ನೋಣ. ಬಳ್ಳಾರಿಯ ಹುಡುಗ, ವಯಸ್ಸು 27. ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಕೆಲಸ. ಮಂಗ್ನಿ, ಅಂದರೆ ನಿಶ್ಚಿತಾರ್ಥ, ಆಗಿತ್ತು. ರಂಜಾನ್ ಮುಗಿದ ಮೇಲೆ ನಿಕಾಹ್. ನನ್ನ ಹತ್ತಿರ ಬಂದದ್ದು ಮಾತ್ರೆ ಕೇಳಲು. "ಹುಡುಗಿಯರ ಮೇಲೆ ಆಸೆ ಹುಟ್ಟೋಕೆ ಏನಾದ್ರೂ ಮಾತ್ರೆ ಇದೆಯಾ ಆಪಾ?" ಅಂದ. ಅದಕ್ಕೂ ಮುಂಚೆ ಯಾವುದೋ ಲಾಡ್ಜಿನಲ್ಲಿ ತಿಂಗಳಿಗೊಮ್ಮೆ ಬಂದು ಕೂರುವ 'ಗುಪ್ತರೋಗ ತಜ್ಞ'ನಿಗೆ ಒಂದು ತಿಂಗಳ ಸಂಬಳ ಕೊಟ್ಟು ಚೂರ್ಣ ತಂದು ತಿಂದಿದ್ದ. ಹೊಟ್ಟೆ ಕೆಟ್ಟಿತ್ತು ಅಷ್ಟೇ.

ನಾವಿಬ್ಬರೂ ಮಾತಾಡಿದ್ದು ದಖನಿಯಲ್ಲಿ, ನಮ್ಮ ಕಡೆಯ ಉರ್ದುವಿನಲ್ಲಿ. ನಾನೂ ಅದೇ ಜಮಾತಿನ ಮನೆಗಳ ನಡುವೆ ಬೆಳೆದವಳು. ಆದರೂ ನಿಜ ಹೇಳಲು ಅವನಿಗೆ ಮೂರು ಭೇಟಿ ಬೇಕಾಯಿತು. ತನ್ನ ಮನಸ್ಸು ಹರೆಯದಿಂದಲೂ ಗಂಡಸರ ಕಡೆಗೇ ಅಂತ ಹೇಳುವುದಕ್ಕೆ ಅವನ ಹತ್ತಿರ ಬೈಗುಳ ಬಿಟ್ಟರೆ ಬೇರೆ ಪದವೇ ಇರಲಿಲ್ಲ. ಓಣಿಯಲ್ಲಿ ಕೂಗಿ ಆಡಿಕೊಳ್ಳುವ ಆ ಪದವನ್ನೇ ತನಗೆ ತಾನೇ ಅಂದುಕೊಂಡು, ತಲೆ ತಗ್ಗಿಸಿದ. 'ಸಲಿಂಗಿ' ಅನ್ನುವ ಪದ ಕೊಟ್ಟೆ. ಎರಡು ಸಲ ನಿಧಾನವಾಗಿ ಹೇಳಿ ನೋಡಿದ.

ಶಾಲೆಯಲ್ಲಿ ಏನು ಕಲಿತೆ ಅಂತ ಕೇಳಿದೆ. ಹತ್ತನೇ ಕ್ಲಾಸಿನಲ್ಲಿ ಸಂತಾನೋತ್ಪತ್ತಿಯ ಪಾಠ ಬಂದಾಗ ಮೇಷ್ಟ್ರು "ಇದನ್ನು ಮನೆಯಲ್ಲಿ ಓದಿಕೊಳ್ಳಿ" ಅಂದರಂತೆ. ಮೈಯಲ್ಲಿ ಆಗುವ ಬದಲಾವಣೆಯ ಬಗ್ಗೆ ಅವನಿಗೆ ಒಂದಿಷ್ಟಾದರೂ ತಿಳಿಸಿದ್ದು ಮದರಸಾದ ಹಜರತ್ತರು. ರಾತ್ರಿ ಸ್ಖಲನವಾದರೆ ಗುಸುಲ್ (ಶುದ್ಧಿಯ ಸ್ನಾನ) ಮಾಡಬೇಕು, ಅದು ರೋಗವಲ್ಲ ಅಂತ ಅವರು ಹೇಳಿದ್ದರು. ನಮ್ಮ ಮಂದಿ ಇದನ್ನು ಮರೆತಿದ್ದಾರೆ. ಪ್ರವಾದಿಯವರ ಹತ್ತಿರ ಉಮ್ಮು ಸುಲೈಮ್ ಎಂಬ ಹೆಣ್ಣುಮಗಳು ಬಂದು, ಹೆಂಗಸಿಗೂ ಕನಸಿನಲ್ಲಿ ಹಾಗಾದರೆ ಗುಸುಲ್ ಬೇಕಾ ಅಂತ ನೇರವಾಗಿ ಕೇಳಿದ್ದು ಪ್ರವಾದಿಯವರ ನಡೆ ನುಡಿ ತಿಳಿಸುವ ಹದೀಸಿನಲ್ಲಿ ದಾಖಲಾಗಿದೆ. ದೀನ್ (ಧರ್ಮ) ಕಲಿಯಲು ನಾಚಿಕೆ ಅಡ್ಡ ಬರಲಿಲ್ಲ ಅಂತ ಮದೀನಾದ ಅನ್ಸಾರಿ ಹೆಂಗಸರನ್ನು ಪ್ರವಾದಿಯವರ ಪತ್ನಿ ಹಜರತ್ ಆಯಿಷಾ ಹೊಗಳಿದ್ದೂ ಇದೆ. ಅಂಥ ಪರಂಪರೆ ಇಟ್ಟುಕೊಂಡು ನಾವು ಮಕ್ಕಳ ಬಾಯಿ ಮುಚ್ಚಿಸುತ್ತೇವೆ. ಆಗ ಅವರು ಫೋನಿನಲ್ಲಿ ಬರುವ ಕೊಳಕು ವಿಡಿಯೋ ನೋಡಿ ಕಲಿಯುತ್ತಾರೆ. ಇಲ್ಲವೇ ಲಾಡ್ಜಿಗೆ ಹೋಗಿ ದುಡ್ಡು ಕಳೆದುಕೊಳ್ಳುತ್ತಾರೆ.

ಮಾತ್ರೆ ಇಲ್ಲ ಅಂತ ಹೇಳಿದೆ. ಯಾಕೆ ಇಲ್ಲ ಅಂತಲೂ ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗಿಯಾಗಿರುವುದನ್ನು ರೋಗಗಳ ಪಟ್ಟಿಯಿಂದ ತೆಗೆದಿದೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಇದು ಅಪರಾಧವೂ ಅಲ್ಲ ಅಂತ ತೀರ್ಪು ಕೊಟ್ಟಿದೆ. 'ಬದಲಾಯಿಸುತ್ತೇನೆ' ಅಂತ ಡಾಕ್ಟರು ಚಿಕಿತ್ಸೆಗೆ ಇಳಿದರೆ ಅದು ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಅವನು ಎಲ್ಲ ಕೇಳಿಸಿಕೊಂಡ. ಆಮೇಲೆ, "ಹಾಗಾದ್ರೆ ಮದುವೆ ಆದ್ಮೇಲೆ ತಾನಾಗೇ ಸರಿ ಹೋಗುತ್ತಾ?" ಅಂದ.

ಇಲ್ಲಿ ನನ್ನ ಮನಸ್ಸಿನಲ್ಲಿ ಇನ್ನೊಬ್ಬಳು ಬಂದು ನಿಂತಳು. ಎರಡು ವರ್ಷದ ಹಿಂದೆ ಅದೇ ಕುರ್ಚಿಯಲ್ಲಿ ಕೂತಿದ್ದ ಹೆಣ್ಣುಮಗಳು. ಮದುವೆಯಾಗಿ ನಾಲ್ಕು ವರ್ಷ. ಗಂಡ ಮುಟ್ಟಿರಲಿಲ್ಲ. ಮಕ್ಕಳಾಗಲಿಲ್ಲ ಅಂತ ಅತ್ತೆ ದರ್ಗಾಕ್ಕೆ ಕರೆದುಕೊಂಡು ಹೋಗಿ ತಾವೀಜ್ ಕಟ್ಟಿಸಿದ್ದರು, ಸ್ಕ್ಯಾನಿಂಗ್ ಮಾಡಿಸಿದ್ದರು. ಗಂಡ ಹೆಂಡತಿ ನಡುವೆ ಏನು ನಡೆಯಬೇಕು ಅಂತ ಆಕೆಗೆ ಯಾರೂ ಹೇಳಿರಲಿಲ್ಲ. ಎಲ್ಲರ ಮನೆಯಲ್ಲೂ ಹೀಗೇ ಇರುತ್ತೇನೋ ಅಂದುಕೊಂಡು ಮೊದಲ ವರ್ಷ ಕಳೆದಿದ್ದಳು. ಗಂಡ ಮೂರು ವರ್ಷ ದಾಂಪತ್ಯದ ಕರ್ತವ್ಯ ನಡೆಸದಿದ್ದರೆ ಹೆಂಡತಿ ಕೋರ್ಟಿನಲ್ಲಿ ಬಿಡುಗಡೆ ಕೇಳಬಹುದು ಅಂತ 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆಯಲ್ಲೇ ಇದೆ. ಅದನ್ನು ಆಕೆಗೆ ತಿಳಿಸಿದವರೂ ಇರಲಿಲ್ಲ. "ನನ್ನಲ್ಲಿ ಏನು ಕಡಿಮೆ ಆಪಾ?" ಅಂತ ಕೇಳುತ್ತಿದ್ದಳು. ಆಕೆಯ ಗಂಡನೂ ಒಂದು ಕಾಲಕ್ಕೆ ಸಲೀಮನ ಹಾಗೆ ಹೆದರಿದ ಹುಡುಗನೇ ಆಗಿದ್ದಿರಬೇಕು.

ಹಾಗಾಗಿ ಸಲೀಮನಿಗೆ ಒಂದೇ ಪ್ರಶ್ನೆ ಕೇಳಿದೆ. "ಹುಡುಗಿ ಹೇಗಿದ್ದಾಳೆ?"

"ಫೋಟೋ ಕೊಟ್ರು. ಸರಿಯಾಗಿ ನೋಡಿಲ್ಲ."

"ಏನು ಓದಿದ್ದಾಳೆ?"

"ಗೊತ್ತಿಲ್ಲ."

ಆಮೇಲೆ ತುಂಬಾ ಹೊತ್ತು ಸುಮ್ಮನಿದ್ದ. ಏಪ್ರಿಲ್ ತಿಂಗಳು. ಬಳ್ಳಾರಿಯ ಬಿಸಿಲು ಗೊತ್ತಲ್ವಾ, ಕಿಟಕಿ ಮುಚ್ಚಿದ್ದೆ, ಕರೆಂಟ್ ಬೇರೆ ಹೋಗಿತ್ತು. ನಾನು ಏನೂ ಮಾತಾಡಲಿಲ್ಲ. ಅವನೇ ಶುರು ಮಾಡಿದ. "ನಮ್ಮ ಚಚೇರಿ ಬಹನ್ (ಚಿಕ್ಕಪ್ಪನ ಮಗಳು) ನಿಕಾಹ್‌ನಲ್ಲಿ ನಾನು ಗವಾಹ್ (ಸಾಕ್ಷಿ) ಆಗಿದ್ದೆ ಆಪಾ. ಹುಡುಗಿ ಪರವಾಗಿ ಮಾತಾಡೋ ವಕೀಲ್ ಜೊತೆ ಒಳಗೆ ಹೋದ್ವಿ. ಹುಡುಗ ಯಾರ ಮಗ ಅಂತ ಹೇಳಿದ್ರು. ಹುಡುಗ ಹುಡುಗಿಗೆ ಕೊಡೋ ಮೆಹರ್ ಎಷ್ಟು ಅಂತ ಹೇಳಿದ್ರು. ಮೂರು ಸಲ ಕೇಳಿದ್ರು. ಆಕೆ ಖುಬೂಲ್ (ಒಪ್ಪಿದೆ) ಅಂದ್ಲು, ಅತ್ತಳು." ಸ್ವಲ್ಪ ತಡೆದ. "ಈ ಹುಡುಗಿಗೂ ಅಷ್ಟೇ ಹೇಳ್ತಾರೆ. ಇದನ್ನ ಯಾರೂ ಹೇಳಲ್ಲ. ಗೊತ್ತಿಲ್ಲದೇ ಖುಬೂಲ್ ಅಂದ್ರೆ, ಆಕೆ ಖುಬೂಲ್ ಅಂದದ್ದು ಯಾವುದಕ್ಕೆ?"

ಇಷ್ಟು ವರ್ಷದ ಕೆಲಸದಲ್ಲಿ ಒಪ್ಪಿಗೆ ಅನ್ನುವ ಮಾತನ್ನು ನಾನು ಎಷ್ಟೋ ಮಂದಿಗೆ ವಿವರಿಸಿದ್ದೇನೆ. ಇಷ್ಟು ಸರಿಯಾಗಿ ಯಾವತ್ತೂ ಹೇಳಿಲ್ಲ. ಈ ಪ್ರಶ್ನೆಗೆ ನಾನು ಯಾವ ಕಾನೂನಿನ ಮಾತೂ ತೆಗೆಯಲಿಲ್ಲ. ಅವನಿಗೆ ಉತ್ತರ ಸಿಕ್ಕಿದ್ದು ಅವನ ದೀನ್‌ನ ಒಳಗಿಂದಲೇ. ಹೆಣ್ಣಿನ ಒಪ್ಪಿಗೆಯಿಲ್ಲದೆ ತಂದೆ ಮಾಡಿಸಿದ ನಿಕಾಹನ್ನು ಪ್ರವಾದಿಯವರು ರದ್ದು ಮಾಡಿದ ಖನ್ಸಾ ಅವರ ಪ್ರಸಂಗ ಹೇಳಿದೆ. ಅವನಿಗೆ ಅದು ಗೊತ್ತೇ ಇತ್ತು.

ಅವತ್ತು ಕೊಟ್ಟ ಸಲಹೆ ಇದು. ಮದುವೆ ನಿಲ್ಲಿಸು. "ನನಗೆ ಬೇಡ, ತಪ್ಪು ನನ್ನದು" ಅಂದರೆ ಸಾಕು, ಕಾರಣ ಬಿಡಿಸಿ ಹೇಳುವ ಸಾಲ ನಿನ್ನ ಮೇಲಿಲ್ಲ. ಆದರೆ ಹುಡುಗಿಯ ಮೇಲೆ ಒಂದು ಮಾತೂ ಬರಬಾರದು. ಮಂಗ್ನಿಗೆ ಅವರು ಮಾಡಿದ ಖರ್ಚು ವಾಪಸ್ ಕೊಡು. ನಿನ್ನ ಹೆಸರಿನಲ್ಲಿ ಬ್ಯಾಂಕ್ ಖಾತೆ ಇಟ್ಟುಕೊಂಡು ಒಂದಿಷ್ಟು ಉಳಿಸು, ಮನೆ ಬಿಡಬೇಕಾಗಿ ಬಂದರೆ ಬೇಕಾಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಎಚ್‌ಐವಿ ಪರೀಕ್ಷೆ ಪುಕ್ಕಟೆ, ಗುಟ್ಟಾಗಿಡುತ್ತಾರೆ, ಮಾಡಿಸು. ಕಾಂಡೋಮ್ ಬಳಸುವುದು ಹೇಗೆ ಅಂತಲೂ ತೋರಿಸಿದೆ. ರಾತ್ರಿ ಜೀವ ಬೇಡ ಅನ್ನಿಸಿದರೆ 14416ಕ್ಕೆ ಫೋನ್ ಮಾಡು, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್, ಅಲ್ಲಿ ಕನ್ನಡದಲ್ಲೂ ಮಾತಾಡುತ್ತಾರೆ.

ಮನೆಯಲ್ಲಿ ಈಗಲೇ ಹೇಳಬೇಡ ಅಂತಲೂ ಹೇಳಿದೆ. ಇದಕ್ಕೆ ಬೆಂಗಳೂರಿನ ಗೆಳತಿಯೊಬ್ಬಳು ನನ್ನ ಮೇಲೆ ಸಿಟ್ಟಾದಳು. ಸುಳ್ಳಿನಲ್ಲಿ ಬದುಕು ಅಂತ ಹೇಳಿಕೊಟ್ಟೆ ಅಂದಳು. ನಾನು ಒಪ್ಪುವುದಿಲ್ಲ. ದಕ್ಷಿಣ ಆಫ್ರಿಕಾದ ಇಮಾಮ್ ಮುಹ್ಸಿನ್ ಹೆಂಡ್ರಿಕ್ಸ್ ತಾವು ಸಲಿಂಗಿ ಅಂತ ಎಲ್ಲರ ಮುಂದೆ ಹೇಳಿಕೊಂಡಿದ್ದವರು. 2025ರ ಫೆಬ್ರುವರಿಯಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ಆ ಸುದ್ದಿ ಸಲೀಮನ ಫೋನಿಗೂ ಬಂದಿತ್ತು. ಮೂರು ರಾತ್ರಿ ನಿದ್ದೆ ಮಾಡಿರಲಿಲ್ಲ. ಅಪ್ಪ ಅಮ್ಮ, ಅಣ್ಣ ಅತ್ತಿಗೆ ಎಲ್ಲ ಎರಡೇ ಕೋಣೆಯಲ್ಲಿ ಇರುವ ಹುಡುಗನಿಗೆ ಧೈರ್ಯ ಮಾಡು ಅನ್ನುವುದು ಸುಲಭ. ಆಮೇಲೆ ಆ ರಾತ್ರಿ ಅವನು ಎಲ್ಲಿ ಮಲಗಬೇಕು?

ಇನ್ನೊಂದು ಕಡೆಯಿಂದಲೂ ಮಾತು ಬಂತು. ಧರ್ಮದ ವಿಷಯದಲ್ಲಿ ನೀನ್ಯಾರು ಅಂತ. ನಾನು ಫತ್ವಾ ಕೊಡುವವಳಲ್ಲ. ಹೆಚ್ಚಿನ ಉಲೇಮಾಗಳು (ಧರ್ಮ ಪಂಡಿತರು) ಇಂಥ ಸಂಬಂಧವನ್ನು ಹರಾಮ್ (ನಿಷಿದ್ಧ) ಅನ್ನುತ್ತಾರೆ, ಬೇರೆ ರೀತಿ ಅರ್ಥ ಮಾಡುವ ಮುಸ್ಲಿಂ ವಿದ್ವಾಂಸರು ಕಡಿಮೆ. ಎರಡನ್ನೂ ಅವನಿಂದ ಮುಚ್ಚಿಡಲಿಲ್ಲ. "ನಮಾಜ್ ಬಿಡಬೇಕಾ?" ಅಂತ ಕೇಳಿದಾಗ ಮಾತ್ರ ಯೋಚಿಸಲೇ ಇಲ್ಲ. ಬಿಡಬೇಡ ಅಂದೆ. ಅವನಿಗೆ ನೆಮ್ಮದಿ ಸಿಗುವ ಒಂದೇ ಜಾಗ ಅದು. ಅದನ್ನೂ ಕಿತ್ತುಕೊಂಡರೆ ಉಳಿಯುವುದೇನು?

ಮಂಗ್ನಿ ಮುರಿಯಿತು. ಅವನ ಅಮ್ಮಿ ಎರಡು ತಿಂಗಳು ಅವನ ಜೊತೆ ಸರಿಯಾಗಿ ಮಾತಾಡಲಿಲ್ಲ. ಉಂಗುರ ವಾಪಸ್ ಕೊಡಲು ಮಾಮು ಹೋಗುತ್ತೇನೆ ಅಂದರೂ ಸಲೀಮನೇ ಹೋಗಿ, ಹುಡುಗಿಯ ಅಬ್ಬಾನ ಮುಂದೆ ತಪ್ಪು ತನ್ನದು ಅಂತ ಹೇಳಿ ಬಂದ. ಅವರು ಬೈದರು, ಚಹಾ ಕೂಡ ಕೊಡಲಿಲ್ಲ. ಆ ಹುಡುಗಿ ಬಿ.ಎಡ್ ಓದುತ್ತಿದ್ದಾಳೆ ಅಂತ ಅವತ್ತು ಗೊತ್ತಾಯಿತಂತೆ.

ಈಗ ಹದಿನೈದು ದಿನಕ್ಕೊಮ್ಮೆ ಬರುತ್ತಾನೆ. ಮುಂದಿನ ಸಲ ಅಮ್ಮಿಯನ್ನೂ ಕರೆತರಲಾ ಅಂತ ಕೇಳಿದ್ದಾನೆ. ಕರೆದುಕೊಂಡು ಬಾ ಅಂದಿದ್ದೇನೆ. ಅವರ ಮುಂದೆ ಎಷ್ಟು ಹೇಳಬೇಕು, ಎಷ್ಟು ಬಿಡಬೇಕು ಅಂತ ಅವನು ಇನ್ನೂ ಯೋಚಿಸುತ್ತಿದ್ದಾನೆ.