36ನೇ ಕಿಲೋಮೀಟರಿನ ಡೈರಿ: ಒಂದು ಆಪ್ತಸಲಹೆ ಪ್ರಕರಣ

ವಯಸ್ಸು 64, ನಿವೃತ್ತ ಬ್ಯಾಂಕ್ ಅಧಿಕಾರಿ, ದಕ್ಷಿಣ ಬೆಂಗಳೂರಿನ ವಾಸಿ. ಇಲ್ಲಿ ಅವರನ್ನು ರಾಯರು ಎಂದು ಕರೆಯೋಣ. ಗುರುತು ಹತ್ತದಿರಲೆಂದು ಕೆಲವು ವಿವರ ಬದಲಿಸಿದ್ದೇವೆ. ಹದಿಮೂರು ವರ್ಷದಲ್ಲಿ ಹದಿನಾಲ್ಕು ಫುಲ್ ಮ್ಯಾರಥಾನ್ (42.195 ಕಿ.ಮೀ. ಓಟ) ಮುಗಿಸಿದವರು. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಏಳು ಸಲ ಬಂದರು, ಎರಡು ಸಲ ಜೊತೆಗೆ ಪತ್ನಿಯೂ ಇದ್ದರು.

ಬಂದಿದ್ದು ಓಟದ ವಿಷಯಕ್ಕಲ್ಲ, ನಿದ್ದೆಯ ವಿಷಯಕ್ಕೆ. ರಾತ್ರಿ ಎರಡೂವರೆಗೆ ಎಚ್ಚರವಾಗುತ್ತಿತ್ತು. ಆಮೇಲೆ ಬೆಳಗಾಗುವ ತನಕ ಮೊಬೈಲಿನಲ್ಲಿ ತಮ್ಮ ಹಳೆಯ ಓಟಗಳ ಫಲಿತಾಂಶ ತೆಗೆದು ನೋಡುತ್ತ ಕೂರುವುದು. ಹಗಲಲ್ಲಿ ಸಿಡುಕು. ಖಿನ್ನತೆಗೆ ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಮೊದಲ ದಿನವೇ ಕೇಳಿದ್ದಾಯಿತು: ಹಸಿವು ಸರಿಯಿದೆ, ಮೊಮ್ಮಗಳ ಜೊತೆ ನಗುತ್ತಾರೆ, ಜೀವ ಬೇಡ ಅನ್ನುವ ಯೋಚನೆ ಇಲ್ಲ. ಪತ್ನಿಯ ದೂರು ಮಾತ್ರ ಬೇರೆ ದಿಕ್ಕಿನಲ್ಲಿತ್ತು. "ಇವ್ರು ಓಡೋದಕ್ಕೆ ನಂದೇನೂ ತಕರಾರಿಲ್ಲ. ಬಿದ್ರೆ ಹೇಳಲ್ಲ, ನೋವಾದ್ರೆ ಹೇಳಲ್ಲ, ಮಾತ್ರೆ ನುಂಗಿದ್ರೂ ಹೇಳಲ್ಲ. ಹೋದ ವರ್ಷ ಮಂಡಿ ಕಿತ್ತುಕೊಂಡು ಬಂದು ಬಚ್ಚಲಲ್ಲಿ ಜಾರಿದೆ ಅಂದ್ರು. ಫುಟ್‌ಪಾತಿನ ಚಪ್ಪಡಿ ಎಡವಿ ಬಿದ್ದಿದ್ದು ಅಂತ ಪಕ್ಕದ ಮನೆಯವರಿಂದ ಗೊತ್ತಾಯ್ತು."

ಅಕ್ಟೋಬರ್‌ನಲ್ಲಿ ನಗರದಲ್ಲೇ ನಡೆದ ಓಟದಲ್ಲಿ ರಾಯರು 36ನೇ ಕಿಲೋಮೀಟರಿನಲ್ಲಿ ನಿಂತುಬಿಟ್ಟಿದ್ದರು. ಹದಿನಾಲ್ಕು ಓಟದಲ್ಲಿ ಒಮ್ಮೆಯೂ ಹಾಗಾಗಿರಲಿಲ್ಲ. ಇದನ್ನು 'ನಿವೃತ್ತಿಯ ನಂತರದ ಅಸ್ಮಿತೆಯ ಬಿಕ್ಕಟ್ಟು' ಎಂದು ಕಡತದಲ್ಲಿ ಬರೆದುಬಿಡುವುದು ಸುಲಭ, ತಪ್ಪೂ ಅಲ್ಲ. ಕೆಲಸ ಬಿಟ್ಟ ಮೇಲೆ ಕಬ್ಬನ್ ಪಾರ್ಕಿನ ಬೆಳಗಿನ ಗುಂಪೇ ಅವರ ಕಚೇರಿಯಾಗಿತ್ತು, ಮೂವತ್ತೈದು ನಲವತ್ತರ ಹುಡುಗರೆಲ್ಲ 'ಸರ್' ಅನ್ನುತ್ತಿದ್ದರು. ಆದರೆ ಅಷ್ಟು ಬರೆದರೆ ನಾಳೆ ಬೆಳಿಗ್ಗೆ ಐದಕ್ಕೆ ಅವರು ಏನು ಮಾಡಬೇಕು ಅನ್ನುವುದು ತಿಳಿಯುವುದಿಲ್ಲ.

ಎರಡನೇ ಭೇಟಿಗೆ ಡೈರಿ ತರಲು ಹೇಳಿದೆವು. ಬ್ಯಾಂಕಿನವರು ಹೊಸ ವರ್ಷಕ್ಕೆ ಕೊಡುವಂಥ ರೆಕ್ಸಿನ್ ಹೊದಿಕೆಯ ಡೈರಿ. ಒಂದೊಂದು ಪುಟಕ್ಕೂ ಸ್ಕೇಲ್ ಹಿಡಿದು ಗೆರೆ ಎಳೆದು ಖಾನೆ ಮಾಡಿದ್ದಾರೆ: ದೂರ, ವೇಗ, ಯಾವ ಷೂ, ಅದು ಈವರೆಗೆ ಎಷ್ಟು ಕಿಲೋಮೀಟರ್ ಸವೆದಿದೆ. ಬಲ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ 'ಎ.ಕಾ.' ಎಂದು ಬರೆದು ಪಕ್ಕದಲ್ಲಿ ಒಂದು ಅಂಕಿ. ಎಡಗಾಲಿನ ಮೀನಖಂಡದ ನೋವಿಗೆ ಹತ್ತಕ್ಕೆ ಎಷ್ಟು ಎಂದು ತಾವೇ ಹಾಕಿಕೊಂಡ ಅಂಕ. ಓಟಕ್ಕೆ ಹತ್ತು ವಾರ ಮೊದಲು 2 ಇತ್ತು. ಆಮೇಲೆ 2, 3, 3, 4, 5. ಓಟದ ದಿನದ ಪುಟದಲ್ಲಿ: '4:10ಕ್ಕೆ 1 ಮಾತ್ರೆ. 25 ಕಿ.ಮೀ.ಗೆ ಇನ್ನೊಂದು.' ವೈದ್ಯರಿಗೆ, ಪತ್ನಿಗೆ, ಗುಂಪಿಗೆ ಹೇಳದ್ದೆಲ್ಲ ಆ ಖಾನೆಗಳಲ್ಲಿ ಪೈಸೆ ಬಿಡದೆ ಜಮೆಯಾಗಿತ್ತು. ಸಲಹೆ ಎಲ್ಲಿಂದ ಶುರುವಾಗಬೇಕು ಎಂಬುದು ಗೊತ್ತಾಗಿದ್ದು ಅಲ್ಲಿ. ಅವರು ಮುಚ್ಚಿಟ್ಟದ್ದು ನೋವನ್ನಲ್ಲ, ಲೆಕ್ಕವನ್ನು.

ಆ ಲೆಕ್ಕವನ್ನೇ ಮೇಜಿನ ಮೇಲೆ ಹರಡಿದೆವು. ಗುರಿ 3 ಗಂಟೆ 55 ನಿಮಿಷ, ಅಂದರೆ ಕಿಲೋಮೀಟರಿಗೆ 5 ನಿಮಿಷ 34 ಸೆಕೆಂಡು (5:34). ಅರ್ಧ ದಾರಿ 1:56:40ಕ್ಕೆ ದಾಟಿದ್ದರು, ಗುರಿಗಿಂತ ತುಸು ಬೇಗ. 30 ಕಿ.ಮೀ. ಆದಾಗ 2 ಗಂಟೆ 51 ನಿಮಿಷ. ನಡುವಿನ ಒಂಬತ್ತು ಕಿಲೋಮೀಟರಿನ ವೇಗ ಆಗಲೇ 6:06ಕ್ಕೆ ಕುಸಿದಿತ್ತು. 34ರಲ್ಲಿ ಮೀನಖಂಡ ಹಿಡಿದುಕೊಂಡಿತು. ಎರಡು ವರ್ಷದ ಹಿಂದೆ ಅವರ ಸಮಯ 4:02, ಹೋದ ವರ್ಷ 4:11. ಹಾಗಿರುವಾಗ 3:55 ಎಲ್ಲಿಂದ ಬಂತು? ಗುಂಪಿನ ಹುಡುಗರ ಗುರಿ ಅದು.

ಮೊದಲು ಮಾತ್ರೆ, ಏಕೆಂದರೆ ಉಳಿದದ್ದೆಲ್ಲ ಕಾಯಬಹುದು. ರಾಯರು ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟನ್ ಮತ್ತು ಮೂತ್ರವರ್ಧಕ ಎರಡೂ ಸೇರಿದ ಗುಳಿಗೆ ತೆಗೆದುಕೊಳ್ಳುತ್ತಿದ್ದರು. ಅದರ ಮೇಲೆ ಡೈಕ್ಲೊಫೆನಾಕ್ ಎಂಬ ನೋವಿನ ಮಾತ್ರೆ, ಅದರ ಮೇಲೆ ಮೂರು ಗಂಟೆಯ ಬೆವರು. ಮೂತ್ರಪಿಂಡದ ಸೋಸುವ ಜಾಲರಿಗೆ ರಕ್ತ ತರುವ ನಾಳವನ್ನು ನೋವಿನ ಮಾತ್ರೆ ಕಿರಿದಾಗಿಸುತ್ತದೆ, ಹೊರಹೋಗುವ ನಾಳವನ್ನು ಟೆಲ್ಮಿಸಾರ್ಟನ್ ಸಡಿಲಿಸುತ್ತದೆ, ಬೆವರೂ ಮೂತ್ರವರ್ಧಕವೂ ಮೈಯ ನೀರನ್ನೇ ಇಳಿಸುತ್ತವೆ. ಸೋಸಲು ಬೇಕಾದ ಒತ್ತಡ ಮೂರು ಕಡೆಯಿಂದ ಬೀಳುತ್ತದೆ. ವೈದ್ಯರಿಗೆ ಇದು ಹಳೆಯ ಪಾಠ. ಆದರೆ ತಮ್ಮ ರೋಗಿ 42 ಕಿಲೋಮೀಟರ್ ಓಡುತ್ತಾರೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. 'ವಾಕಿಂಗ್ ಮಾಡ್ತೀನಿ' ಎಂದು ರಾಯರು ಆರು ವರ್ಷದಿಂದ ಹೇಳಿಕೊಂಡು ಬಂದಿದ್ದರು.

ಹಾಗಾಗಿ ನಾವು ಕೊಟ್ಟ ಮೊದಲ ಕೆಲಸ ಒಂದು ಪುಟ ಬರೆಯುವುದು: ವಾರಕ್ಕೆ ಎಷ್ಟು ಓಟ, ಯಾವ ಮಾತ್ರೆ ಎಷ್ಟು, ಓಡುವಾಗ ಎದೆ ಬಿಗಿತ, ತಲೆಸುತ್ತು, ಬಡಿತ ತಪ್ಪಿದ ಅನುಭವ ಇದೆಯೇ, ಮನೆತನದಲ್ಲಿ ಹೃದಯದ ತೊಂದರೆ ಯಾರಿಗಿತ್ತು. ಅದನ್ನು ಬಾಯಲ್ಲಿ ಹೇಳದೆ ವೈದ್ಯರ ಕೈಗೇ ಕೊಡಬೇಕು. 'ಓಡಬೇಡಿ ಅಂತಾರೆ' ಎಂಬ ಭಯ ಇತ್ತು. ಅವರು ಹಾಗೆ ಅನ್ನಲಿಲ್ಲ. ಹೃದಯಕ್ಕೆ ಇಸಿಜಿ, ಎಕೋ, ಟಿಎಂಟಿ, ಮೂತ್ರಪಿಂಡಕ್ಕೆ ಕ್ರಿಯಾಟಿನಿನ್ ಪರೀಕ್ಷೆ ಎಲ್ಲ ನೋಡಿ, ಮೂತ್ರವರ್ಧಕವಿಲ್ಲದ ಗುಳಿಗೆಗೆ ಬದಲಿಸಿ, ಓಟದ ಹಿಂದೆಮುಂದೆ ನೋವಿನ ಮಾತ್ರೆ ಪೂರ್ತಿ ನಿಲ್ಲಿಸಿದರು. ಗುಳಿಗೆಯನ್ನು ತಾವಾಗೇ ಬಿಡುವುದೋ ಬದಲಿಸುವುದೋ ಯಾರೂ ಮಾಡಕೂಡದು. ಇದನ್ನು ಓದುವವರಿಗೂ ಆ ಮಾತು.

ಫಿಜಿಯೋಥೆರಪಿಸ್ಟ್ ಕೊಟ್ಟ ಚಿತ್ರ ಇನ್ನೂ ಸ್ಪಷ್ಟವಾಗಿತ್ತು. ಒಂದೇ ಕಾಲಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವ ಪರೀಕ್ಷೆಯಲ್ಲಿ ಬಲಗಾಲು 24, ಎಡಗಾಲು 9. ವಯಸ್ಸಾದ ಓಟಗಾರರಲ್ಲಿ ಮಂಡಿಗಿಂತ ಮೊದಲು ಕೈಕೊಡುವುದು ಹೆಚ್ಚಾಗಿ ಮೀನಖಂಡ ಮತ್ತು ಅದನ್ನು ಹಿಮ್ಮಡಿಗೆ ಜೋಡಿಸುವ ಸ್ನಾಯುರಜ್ಜು. ಅದರಲ್ಲೂ ಒಳಪದರದ ಸೋಲಿಯಸ್ ಸ್ನಾಯು. ಉಸಿರು ಸಾಕಾಗುವವರಿಗೂ ಅಲ್ಲಿ ಬಲ ಸಾಲುವುದಿಲ್ಲ. ಕೊಟ್ಟ ವ್ಯಾಯಾಮ ಇಷ್ಟೇ: ಮೆಟ್ಟಿಲಿನ ಅಂಚಿನಲ್ಲಿ ನಿಂತು ಮಂಡಿ ನೇರವಾಗಿಟ್ಟು 15ರಂತೆ ಮೂರು ಸರದಿ, ಮಂಡಿ ಬಾಗಿಸಿ 15ರಂತೆ ಮೂರು ಸರದಿ, ದಿನ ಬಿಟ್ಟು ದಿನ. ಇಳಿಯುವಾಗ ಮೂರು ಎಣಿಸಬೇಕು. ಧಡಕ್ಕನೆ ಇಳಿದರೆ ಆ ವ್ಯಾಯಾಮ ಮಾಡಿಯೂ ಮಾಡದಂತೆ. ಸಲೀಸಾದ ಮೇಲೆ ಬ್ಯಾಗಿನಲ್ಲಿ ಐದು ಕಿಲೋ ಅಕ್ಕಿ ಹಾಕಿ ಹೆಗಲಿಗೇರಿಸುವುದು. ನೋವು ಹತ್ತಕ್ಕೆ ಮೂರರೊಳಗಿದ್ದು, ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಇಳಿದಾಗ ಹೆಚ್ಚಿರದಿದ್ದರೆ ಮುಂದುವರಿಸಬಹುದು.

ಜನವರಿಯ ಇನ್ನೊಂದು ಊರಿನ ಓಟಕ್ಕೆ ರಾಯರು ಆಗಲೇ ದುಡ್ಡು ಕಟ್ಟಿದ್ದರು. ಬೇಡ ಎಂದು ನಾವು ಹೇಳಲಿಲ್ಲ, ಹೇಳಿದ್ದರೆ ಅದೂ ಮುಚ್ಚಿಡುವ ಪಟ್ಟಿಗೆ ಸೇರುತ್ತಿತ್ತು. ಡಿಸೆಂಬರ್ 20ರೊಳಗೆ ಎಡಗಾಲಲ್ಲಿ 20 ಆಗಬೇಕು, 18 ಕಿ.ಮೀ. ಎರಡು ಸಲ ನೋವಿಲ್ಲದೆ ಓಡಿರಬೇಕು, ಹಾಗಾದರೆ ಮಾತ್ರ ಹೋಗಿ ಎಂದೆವು. ಆ ತಾರೀಖಿಗೆ 15 ಆಗಿತ್ತು. ರೈಲು ಟಿಕೆಟನ್ನು ತಾವೇ ರದ್ದು ಮಾಡಿದರು.

ಅಷ್ಟಾದರೂ ಅವರ ಮೂಲ ಸಂಕಟ ಹಾಗೇ ಇತ್ತು: 'ನಾನು ಇಳಿದುಹೋದೆ.' ಅದಕ್ಕೆ ಪುರಾವೆಯಾಗಿ ಕೆನಡಾದ ಎಡ್ ವಿಟ್ಲಾಕ್ ಅವರನ್ನು ಎಳೆದು ತರುತ್ತಿದ್ದರು. 2004ರಲ್ಲಿ 73ನೇ ವಯಸ್ಸಿನಲ್ಲಿ ಟೊರಾಂಟೊದಲ್ಲಿ 2:54:48. ನಿಜ. ಆದರೆ ಅದೇ ವಿಟ್ಲಾಕ್ 80ರಲ್ಲಿ ಓಡಿದ್ದು 3 ಗಂಟೆ 15 ನಿಮಿಷ, 85ರಲ್ಲಿ 3 ಗಂಟೆ 56 ನಿಮಿಷ. ಮಂಡಿ ನೋವು ಬಂದಾಗ ತಿಂಗಳುಗಟ್ಟಲೆ ಓಟ ಬಿಟ್ಟು ಕೂತವರೂ ಅವರೇ. ಆದರ್ಶ ಪುರುಷನ ಪಾಸ್‌ಬುಕ್‌ನಲ್ಲಿ ಒಂದೇ ಸಾಲು ಓದಿದರೆ ಹೇಗೆ ಎಂದು ಕೇಳಿದಾಗ ರಾಯರು ಮೊದಲ ಸಲ ನಕ್ಕರು. ಹಿರಿಯ ಓಟಗಾರರಿಗೆಂದೇ ವಯಸ್ಸಿಗೆ ತಕ್ಕ ಗುಣಕಗಳ ಕೋಷ್ಟಕ ಇದೆ, ಒಬ್ಬರ ಸಮಯವನ್ನು ಆ ವಯಸ್ಸಿನ ಅತ್ಯುತ್ತಮ ಮಟ್ಟಕ್ಕೆ ಹೋಲಿಸಿ ಶೇಕಡಾ ತೋರಿಸುವಂಥದ್ದು. ಮನೆಗೆ ಹೋಗಿ ತಮ್ಮ ಹದಿನಾಲ್ಕೂ ಓಟ ಅದಕ್ಕೆ ಹಾಕಿ ನೋಡಲು ಹೇಳಿದೆವು. 51ರಲ್ಲಿ ಓಡಿದ 3:38 ಅವರ ಜೀವನದ ಅತಿ ವೇಗದ ಓಟ. ಹೋದ ವರ್ಷದ 4:11 ಅದಕ್ಕಿಂತ ಒಂದೆರಡು ಅಂಶ ಮಾತ್ರ ಕೆಳಗಿತ್ತು. ಬ್ಯಾಂಕಿನಲ್ಲಿ ಜೀವಮಾನ ಕಳೆದವರಿಗೆ ನಮ್ಮ ಸಮಾಧಾನದ ಮಾತಿಗಿಂತ ಆ ಕಾಗದ ಹೆಚ್ಚು ಹಿಡಿಸಿತು.

ತರಬೇತಿ ಬದಲಿಸುವಾಗ ಗುಂಪೇ ತೊಡಕಾಯಿತು. ವಾರಕ್ಕೆ ಆರು ದಿನ, 75 ಕಿ.ಮೀ., ಪ್ರತಿ ಭಾನುವಾರ ಉದ್ದದ ಓಟ ಅವರ ರೂಢಿ. ಅರವತ್ತರ ಮೇಲೆ ಸ್ನಾಯು ರಿಪೇರಿಯಾಗಲು ಹೆಚ್ಚು ದಿನ ಬೇಕು, ಏಳು ದಿನದ ಚಕ್ರ ಇಕ್ಕಟ್ಟು. ಕೋಚ್ ಹಾಕಿಕೊಟ್ಟದ್ದು ಹದಿನಾಲ್ಕು ದಿನದ ಚಕ್ರ: ಒಂದು ಉದ್ದದ ಓಟ, ಅದೂ 30 ಕಿ.ಮೀ. ಅಥವಾ ಮೂರೂಕಾಲು ಗಂಟೆ, ಯಾವುದು ಮೊದಲೋ ಅದು. ಎರಡು ವೇಗದ ಓಟ, ಅವುಗಳ ನಡುವೆ ಕನಿಷ್ಠ ಮೂರು ದಿನದ ಅಂತರ. ಉಳಿದದ್ದೆಲ್ಲ ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡುತ್ತ ಓಡಬಹುದಾದ ವೇಗದಲ್ಲಿ. ವಾರಕ್ಕೆ ಸರಾಸರಿ 45 ಕಿ.ಮೀ. ಉದ್ದದ ಓಟವಿಲ್ಲದ ಭಾನುವಾರ ಗುಂಪು ಬಿಟ್ಟು ಮನೆಯಲ್ಲಿದ್ದರೆ ಮತ್ತೆ ಮೊಬೈಲು, ಮತ್ತೆ ಹಳೆಯ ಫಲಿತಾಂಶ. ಆ ದಿನ ಹೊಸಬರ ಹಿಂದೆ ಕೊನೆಯವರಾಗಿ 12 ಕಿ.ಮೀ. ಓಡಿ, ಯಾರೂ ಹಿಂದುಳಿಯದಂತೆ ನೋಡಿಕೊಳ್ಳುವ ಕೆಲಸ ಕೇಳಿ ಪಡೆಯಿರಿ ಎಂದೆವು. ಎರಡು ವಾರ ಮುಜುಗರಪಟ್ಟರು, ಆಮೇಲೆ ಒಗ್ಗಿತು.

ಊಟದ ಬಗ್ಗೆ ಒಂದೇ ಮಾತು. ತೂಕ 62 ಕಿಲೋ, ಶುದ್ಧ ಸಸ್ಯಾಹಾರಿ, ಹಗುರಾಗಲೆಂದು ರಾತ್ರಿ ಎರಡು ಚಪಾತಿಗೆ ಇಳಿಸಿದ್ದರು. ಕಿಲೋಗೆ 1.2 ಗ್ರಾಂ ಲೆಕ್ಕದಲ್ಲಿ ದಿನಕ್ಕೆ ಸುಮಾರು 75 ಗ್ರಾಂ ಪ್ರೊಟೀನ್ ಬೇಕು, ಉಪ್ಪಿಟ್ಟು ಅವಲಕ್ಕಿಯಲ್ಲಿ ಅದು ಕೂಡುವುದಿಲ್ಲ. 30 ಗ್ರಾಂ ಸೋಯಾ ಚಂಕ್ಸ್‌ನಲ್ಲಿ 15 ಗ್ರಾಂ, 100 ಗ್ರಾಂ ಪನೀರ್‌ನಲ್ಲಿ 18, ಉಳಿದದ್ದು ಹುರುಳಿ, ಬೇಳೆ, ಮೊಸರು. ನೀರಿನ ಅಂದಾಜು ತಕ್ಕಡಿಯಿಂದ ಸಿಕ್ಕಿತು. ಎರಡೂವರೆ ಗಂಟೆಯ ಓಟಕ್ಕೆ ಮೊದಲು 62.4, ಆಮೇಲೆ 60.9, ನಡುವೆ ಕುಡಿದದ್ದು ಅರ್ಧ ಲೀಟರ್. ಅಂದರೆ ಗಂಟೆಗೆ ಸುಮಾರು 800 ಮಿ.ಲೀ. ಬೆವರು. ವಯಸ್ಸಾದಂತೆ ಬಾಯಾರಿಕೆ ಮಂದವಾಗುತ್ತದೆ, ಹಾಗೆಂದು ಬೆವರಿದಷ್ಟನ್ನೂ ಕುಡಿಯಹೋದರೆ ರಕ್ತದ ಸೋಡಿಯಂ ಇಳಿಯುವ ಅಪಾಯ. ಗಂಟೆಗೆ 400ರಿಂದ 500 ಮಿ.ಲೀ., ನಲವತ್ತು ನಿಮಿಷಕ್ಕೊಂದು ಜೆಲ್ (ಓಡುತ್ತಲೇ ನುಂಗುವ ಸಕ್ಕರೆಯ ಪಾಕದ ಪೊಟ್ಟಣ), ಓಟ ಮುಗಿದಾಗ ತೂಕ ಮೊದಲಿಗಿಂತ ಹೆಚ್ಚಿರಕೂಡದು.

ಕೊನೆಯದಾಗಿ ಚೀಟಿ. 30 ಕಿಲೋಮೀಟರ್ ದಾಟಿದ ಮೇಲೆ ತೀರ್ಮಾನ ಮಾಡುವ ತಲೆ ಬೆಳಗಿನ ತಲೆಯಲ್ಲ. ಸಕ್ಕರೆ ಖಾಲಿಯಾಗಿರುತ್ತದೆ, ಸುತ್ತ ಚಪ್ಪಾಳೆ ಇರುತ್ತದೆ. ಆದ್ದರಿಂದ ನಿಲ್ಲುವ ತೀರ್ಮಾನವನ್ನು ಹಿಂದಿನ ವಾರವೇ ಬರೆದಿಡಬೇಕು. ರಾಯರು ತಮ್ಮ ಕೈಯಲ್ಲೇ ಮೂರು ಸಾಲು ಬರೆದರು, ಪತ್ನಿಯ ಬಳಿ ಒಂದು ಪ್ರತಿ:

1. ಎದೆ ಬಿಗಿತ, ತಲೆಸುತ್ತು, ಬಡಿತ ತಪ್ಪುವುದು: ಅಲ್ಲೇ ನಿಲ್ಲು, ಸಹಾಯ ಕೇಳು.
2. ಎ.ಕಾ. 4 ದಾಟಿ ಹೆಜ್ಜೆ ಕುಂಟಿದರೆ: 5 ನಿಮಿಷ ನಡೆ. ಇಳಿಯದಿದ್ದರೆ ನಿಲ್ಲು.
3. ನಿಂತರೆ ಮೊದಲ ಫೋನ್ ಮನೆಗೆ.

ಮೂರನೇ ಸಾಲು ಬೇಕೇ ಎಂದು ವಾದ ಮಾಡಿದರು. ಅದು ಪತ್ನಿ ಹಾಕಿದ ಷರತ್ತು, ತೆಗೆಯಲು ಅವರು ಒಪ್ಪಲಿಲ್ಲ.

ಫೆಬ್ರವರಿಯಲ್ಲಿ ಹಾಫ್ ಮ್ಯಾರಥಾನ್ ದೂರವನ್ನು 2 ಗಂಟೆ 2 ನಿಮಿಷಕ್ಕೆ ಓಡಿದರು. ಅದರ ದುಪ್ಪಟ್ಟಿಗೆ ಕಾಲು ಗಂಟೆ ಸೇರಿಸಿದರೆ ಫುಲ್ ಮ್ಯಾರಥಾನ್‌ಗೆ 4:20ರ ಹತ್ತಿರ, ಕಿಲೋಮೀಟರಿಗೆ 6:10. ಮೊದಲ ಐದು ಕಿಲೋಮೀಟರ್ 6:20ರಲ್ಲೇ ಹೋಗಬೇಕೆಂದು ಕೋಚ್ ತಾಕೀತು ಮಾಡಿದ್ದಾರೆ. ಮಾರ್ಚ್ ಕೊನೆಯ ಭಾನುವಾರ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ 28 ಕಿ.ಮೀ. ಓಡಬೇಕಿತ್ತು. ಏಪ್ರಿಲ್‌ನಲ್ಲಿ ಕೊನೆಯ ಸಲ ಬಂದಾಗ ಡೈರಿಯ ಆ ಪುಟವನ್ನು ತಾವೇ ತೆರೆದು ತೋರಿಸಿದರು. 'ಎ.ಕಾ. 5' ಈ ಸಲ ಪೆನ್ಸಿಲ್‌ನಲ್ಲಲ್ಲ, ಪೆನ್ನಿನಲ್ಲಿತ್ತು. ಕೆಳಗೆ: '23 ಕಿ.ಮೀ. ಚೀಟಿ ಸಾಲು 2. ನಡೆದೆ, ಇಳಿಯಲಿಲ್ಲ. ಸಾಲು 3.' ಪತ್ನಿ ಕಾರು ತೆಗೆದುಕೊಂಡು ಬರುವಷ್ಟರಲ್ಲಿ ಗೇಟಿನ ಹತ್ತಿರ ಎರಡು ಇಡ್ಲಿ ಮುಗಿದಿದ್ದವಂತೆ. ಫಿಜಿಯೋ ನೋಡಿ ಹೊಸ ಪೆಟ್ಟಿಲ್ಲ ಎಂದಿದ್ದಾರೆ, ಹತ್ತು ದಿನದ ಬಿಡುವು. ನಿದ್ದೆ ಈಗ ನಾಲ್ಕೂವರೆವರೆಗೆ ಬರುತ್ತದೆ, ಅದು ಅವರು ಹೇಗೂ ಏಳುವ ಹೊತ್ತು.