ಮನೆಯ ಈಜುಕೊಳದ ನೀರು ಪದೇ ಪದೇ ಹಸಿರಾಗುತ್ತಿದೆ, ಪ್ರತಿ ಸಲ ಖಾಲಿ ಮಾಡಿಸಲೇಬೇಕಾ?

ಪ್ರತಿ ಸಲ ಖಂಡಿತ ಬೇಡ. ಒಂದು ಸಲ, ಅದೂ ಅರ್ಧದಷ್ಟು ನೀರು ತೆಗೆಯಬೇಕಾಗಿ ಬರಬಹುದು. ಅದನ್ನು ಪರೀಕ್ಷೆ ಮಾಡಿ ತೀರ್ಮಾನಿಸಿ. ಬರೀ ಬಣ್ಣ ನೋಡಿ ಚೆಲ್ಲಬೇಡಿ.

ದೇವನಹಳ್ಳಿ ಹತ್ತಿರ ಮನೆ, 8 ಮೀಟರ್‌ಗೆ 4 ಮೀಟರ್ ಪೂಲ್, ಬೋರ್‌ವೆಲ್ ನೀರು, ವಾರಕ್ಕೊಮ್ಮೆ ಒಬ್ಬರು ಬಂದು ಕ್ಲೋರಿನ್ ಮಾತ್ರೆ ಹಾಕಿ ಹೋಗುತ್ತಾರೆ, ಆದರೂ ತಿಂಗಳಿಗೊಮ್ಮೆ ಪಾಚಿ, ಈಗ ಅವರು ಪೂರ್ತಿ ಚೆಲ್ಲಿ ಹೊಸದಾಗಿ ತುಂಬಿಸಿ ಅನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ನಾನಿರುವುದು ಮೈಸೂರಿನ ಹೊರಗೆ. ನಮ್ಮ ಪೂಲೂ ಹೆಚ್ಚುಕಮ್ಮಿ ಅದೇ ಅಳತೆ, ಸರಾಸರಿ ನಾಲ್ಕೂವರೆ ಅಡಿ ಆಳ, ಸುಮಾರು 43,000 ಲೀಟರ್. ನಮ್ಮದೂ ಗಡಸು ನೀರೇ. ಹಾಗಾಗಿ ನಮಗಾದದ್ದನ್ನೇ ಹೇಳುತ್ತೇನೆ.

ಮೊದಲ ವರ್ಷ ನಾವೂ ಮಾತ್ರೆಯನ್ನೇ ನಂಬಿದ್ದೆವು. ತೇಲುವ ಡಬ್ಬಿಯಲ್ಲಿ ಎರಡು ದಿನಕ್ಕೊಂದರಂತೆ 200 ಗ್ರಾಂ ಮಾತ್ರೆ. ನಾಲ್ಕು ತಿಂಗಳು ನೀರು ಗಾಜಿನ ಹಾಗಿತ್ತು. ಆಮೇಲೆ ಗೋಡೆ ಮುಟ್ಟಿದರೆ ಲೋಳೆ. ಪರೀಕ್ಷೆ ಮಾಡಿದರೆ ಕ್ಲೋರಿನ್ ಇದೆ! "ಸಾಲುತ್ತಿಲ್ಲ, ಇನ್ನೊಂದು ಮಾತ್ರೆ ಹಾಕಿ" ಅಂದರು ನೋಡಿಕೊಳ್ಳುತ್ತಿದ್ದವರು. ಹಾಕಿದೆವು. ಇನ್ನಷ್ಟು ಹಸಿರಾಯಿತು.

ಆ ಮಾತ್ರೆ ಟ್ರೈಕ್ಲೋರ್. ಅದರಲ್ಲಿ ಕ್ಲೋರಿನ್ ಜೊತೆಗೆ ಸಯನ್ಯೂರಿಕ್ ಆಸಿಡ್ ಅನ್ನುವುದೂ ಇರುತ್ತದೆ. ಬಿಸಿಲಿಗೆ ಕ್ಲೋರಿನ್ ಹಾಳಾಗದಂತೆ ಅದು ಕಾಯುತ್ತದೆ. 30ರಿಂದ 50 ಪಿಪಿಎಂ (ಅಂದರೆ ಲೀಟರ್ ನೀರಿಗೆ ಅಷ್ಟು ಮಿಲಿಗ್ರಾಂ) ಇದ್ದರೆ ಒಳ್ಳೆಯದೇ. ಅದಿಲ್ಲದಿದ್ದರೆ ಬೆಳಗ್ಗೆ ಹಾಕಿದ ಕ್ಲೋರಿನ್ ಮಧ್ಯಾಹ್ನಕ್ಕೇ ಮುಗಿದಿರುತ್ತದೆ. ತೊಂದರೆ ಏನೆಂದರೆ, ಕ್ಲೋರಿನ್ ಖರ್ಚಾಗುತ್ತದೆ, ಇದು ಆಗುವುದಿಲ್ಲ. ಫಿಲ್ಟರ್ ಹಿಡಿಯುವುದಿಲ್ಲ, ಆವಿಯಾಗಿ ಹೋಗುವುದೂ ಇಲ್ಲ. ಒಂದು ಮಾತ್ರೆ ಕರಗಿದರೆ ಸುಮಾರು 110 ಗ್ರಾಂ ಇದೇ ಉಳಿಯುತ್ತದೆ. ನಮ್ಮ ಪೂಲಿಗೆ ಅದು ಎರಡೂವರೆ ಪಿಪಿಎಂ. ತಿಂಗಳಿಗೆ 15 ಮಾತ್ರೆಗೆ 38. ನಾಲ್ಕು ತಿಂಗಳಿಗೆ 150ರ ಹತ್ತಿರ. ಅಷ್ಟಾದ ಮೇಲೆ ಅದು ಕ್ಲೋರಿನ್ನನ್ನು ಕಾಯುವುದಲ್ಲ, ಕಟ್ಟಿಹಾಕಿಬಿಡುತ್ತದೆ. ಕಿಟ್‌ನಲ್ಲಿ ಕ್ಲೋರಿನ್ ಕಾಣಿಸುತ್ತದೆ, ಪಾಚಿ ಮಾತ್ರ ಸಾಯುವುದಿಲ್ಲ.

ಇದನ್ನು ಅಳೆಯುವುದು ಸುಲಭ. ಪೂಲ್ ನೀರಿಗೆ ಕಿಟ್‌ನ ದ್ರಾವಣ ಬೆರೆಸಿದರೆ ಮಜ್ಜಿಗೆ ನೀರಿನ ಹಾಗೆ ಬೆಳ್ಳಗಾಗುತ್ತದೆ. ಸಣ್ಣ ಕೊಳವೆಯ ತಳದಲ್ಲಿ ಒಂದು ಕಪ್ಪು ಚುಕ್ಕೆ ಇರುತ್ತದೆ. ಮೇಲಿನಿಂದ ನೋಡುತ್ತಾ ಆ ಬಿಳಿ ನೀರನ್ನು ನಿಧಾನಕ್ಕೆ ಸುರಿಯಬೇಕು. ಚುಕ್ಕೆ ಎಲ್ಲಿ ಮರೆಯಾಗುತ್ತದೋ ಅಲ್ಲಿನ ಗೆರೆ ಓದಬೇಕು. ನಾನು ಸುರಿದಾಗ ಎರಡು ಬೆರಳಷ್ಟು ತುಂಬುವ ಮೊದಲೇ ಚುಕ್ಕೆ ಹೋಯಿತು. ಗೆರೆಯಲ್ಲಿದ್ದ ದೊಡ್ಡ ಅಂಕಿ 100, ಅದು ಇರುವುದು ಎಲ್ಲಕ್ಕಿಂತ ಕೆಳಗೆ, ನಾನು ಅಲ್ಲಿಗೂ ತಲುಪಿರಲಿಲ್ಲ. ಚುಕ್ಕೆ ಬೇಗ ಮರೆಯಾದಷ್ಟೂ ಸಯನ್ಯೂರಿಕ್ ಜಾಸ್ತಿ ಅಂತ ಅರ್ಥ, ಅಂದರೆ ನಮ್ಮದು 100 ದಾಟಿತ್ತು. ಒಂದು ವರ್ಷದ ಗೊಂದಲ ಆ ಸಂಜೆ ಬಿಡಿಸಿಕೊಂಡಿತು.

ಇದಕ್ಕೆ ಔಷಧಿ ಇಲ್ಲ. ನೀರು ಬದಲಿಸುವುದೊಂದೇ ದಾರಿ, ಅರ್ಧ ತೆಗೆದರೆ ಅರ್ಧ ಇಳಿಯುತ್ತದೆ. ಪೂರ್ತಿ ಮಾತ್ರ ಖಾಲಿ ಮಾಡಬೇಡಿ. ಖಾಲಿ ಪೂಲ್ ಬಿಸಿಲಿಗೆ ಬಿದ್ದರೆ ಟೈಲ್ಸ್ ಬಿಡುತ್ತವೆ. ಮಳೆಗಾಲದಲ್ಲಾದರೆ ಕೆಳಗಿನ ನೀರಿನ ಒತ್ತಡಕ್ಕೆ ತಳವೇ ಬಿರುಕು ಬಿಡಬಹುದು. ನಾವು ಮಾತ್ರೆ ನಿಲ್ಲಿಸಿ, ಕ್ಲೋರಿನ್ ಸೊನ್ನೆಗೆ ಇಳಿಯುವವರೆಗೆ ಕಾದು, ಎರಡು ಕಂತಿನಲ್ಲಿ ನೀರನ್ನು ತೆಂಗಿನ ಮರಗಳಿಗೆ ಬಿಟ್ಟೆವು. ನಿಮ್ಮ ಕಡೆ ಸಾವಿರ ಅಡಿ ಕೊರೆದರೂ ನೀರು ಸಿಗದ ಜಾಗಗಳಿವೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸಬಾರದೆಂದು ಆದೇಶ ಮಾಡಿದ್ದು ನೆನಪಿರಬಹುದು. ತುಂಬಿಸಿದ ನೀರನ್ನು ವರ್ಷಗಟ್ಟಲೆ ಚೆನ್ನಾಗಿ ಇಟ್ಟುಕೊಳ್ಳುವುದು ಸಾಧ್ಯ ಇರುವಾಗ ತಿಂಗಳಿಗೊಮ್ಮೆ ಚೆಲ್ಲುವುದು ನನಗೆ ನಿಜಕ್ಕೂ ಸಂಕಟ ತರುತ್ತದೆ.

ಈಗ ನಾವು ದಿನಾ ಮಾಡುವುದು ಇಷ್ಟೇ. ಸೂರ್ಯ ಮುಳುಗಿದ ಮೇಲೆ ಮೊಣಕೈ ಆಳದಿಂದ ಒಂದು ಲೋಟ ನೀರು ತೆಗೆದು ಕ್ಲೋರಿನ್ ಮತ್ತು ಪಿಹೆಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ) ನೋಡುತ್ತೇನೆ. ಕ್ಲೋರಿನ್ 2ರಿಂದ 3 ಪಿಪಿಎಂ ಇರಬೇಕು, ಪಿಹೆಚ್ 7.2ರಿಂದ 7.6. ಮಾತ್ರೆಯ ಬದಲು ಈಗ ಕ್ಯಾನಿನಲ್ಲಿ ಸಿಗುವ ದ್ರವ ಕ್ಲೋರಿನ್, ಅಂದರೆ ಸೋಡಿಯಂ ಹೈಪೋ. ಲೆಕ್ಕ ಸುಲಭ: 10 ಪರ್ಸೆಂಟಿನ ಹೈಪೋ 430 ಮಿಲೀ ಹಾಕಿದರೆ ನಮ್ಮ ನೀರಿಗೆ 1 ಪಿಪಿಎಂ ಏರುತ್ತದೆ. ಪಂಪ್ ಓಡುತ್ತಿರುವಾಗ, ನೀರು ಒಳಗೆ ಬರುವ ಬಾಯಿಯ ಮುಂದೆ ನಿಧಾನಕ್ಕೆ ಸುರಿಯುತ್ತೇನೆ. ಸಂಜೆ ಹಾಕಿದರೆ ರಾತ್ರಿಯಿಡೀ ಕೆಲಸ ಮಾಡುತ್ತದೆ. ಹೈಪೋ ಹಳೆಯದಾದಷ್ಟೂ, ಬಿಸಿಯಾದಷ್ಟೂ ಬಲ ಕಳೆದುಕೊಳ್ಳುತ್ತದೆ. ಕಡಿಮೆ ತರಿಸಿ, ನೆರಳಲ್ಲಿಡಿ.

ಪಿಹೆಚ್ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಬೋರ್‌ವೆಲ್ ನೀರಲ್ಲಿ ಅದು ಮೇಲೇರುತ್ತಲೇ ಇರುತ್ತದೆ. 8 ದಾಟಿದರೆ ಹಾಕಿದ ಕ್ಲೋರಿನ್‌ನಲ್ಲಿ ಕಾಲು ಭಾಗವೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಗೀಸರ್ ಕಾಯಿಲ್‌ಗೆ ಕಟ್ಟುವಂಥ ಬಿಳಿ ಉಪ್ಪು ಟೈಲ್ಸ್‌ಗೂ ಕಟ್ಟುತ್ತದೆ. ಇಳಿಸಲು ನಾನು 200-250 ಮಿಲೀ ಹೈಡ್ರೋಕ್ಲೋರಿಕ್ ಆಸಿಡ್ಡನ್ನು ಒಂದು ಬಕೆಟ್ ನೀರಿಗೆ ಬೆರೆಸಿ ಹಾಕುತ್ತೇನೆ. ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರಲ್ಲ. ನಾಲ್ಕು ಗಂಟೆ ಬಿಟ್ಟು ಮತ್ತೆ ಅಳೆದು, ಬೇಕಿದ್ದರೆ ಮತ್ತೆ.

ಪಂಪ್ ದಿನಕ್ಕೆ ಆರು ಗಂಟೆ. ನಮ್ಮದು ಗಂಟೆಗೆ 8,000 ಲೀಟರ್ ಎಳೆಯುತ್ತದೆ, ಅಷ್ಟರಲ್ಲಿ ಇಡೀ ಪೂಲಿನಷ್ಟು ನೀರು ಒಂದು ಸುತ್ತು ಹಾಯುತ್ತದೆ. ತೇಲುವ ಕಸ ಹಿಡಿಯುವ ಸ್ಕಿಮ್ಮರ್ ಬುಟ್ಟಿಯನ್ನು ಬೆಳಗ್ಗೆ ಕೊಡವುತ್ತೇವೆ. ಹೊಂಗೆ ಹೂ ಉದುರುವ ಕಾಲದಲ್ಲಿ ದಿನಕ್ಕೆ ಮೂರು ಸಲ. ನಿಮ್ಮಲ್ಲಿ ಮರ ಯಾವುದು ಅಂತ ನೋಡಿ, ಅದೇ ನಿಮ್ಮ ಕೆಲಸ ಎಷ್ಟು ಅಂತ ಹೇಳುತ್ತದೆ. ವಾರಕ್ಕೆ ಎರಡು ಸಲ ಗೋಡೆ, ಮೆಟ್ಟಿಲ ಮೂಲೆ, ಏಣಿಯ ಹಿಂದೆ ಬ್ರಷ್ ಮಾಡಿ. ಪಾಚಿ ಹುಟ್ಟುವುದು ನೀರು ಅಲುಗಾಡದ ಜಾಗದಲ್ಲೇ. ಒಂದು ಸಲ ವ್ಯಾಕ್ಯೂಮ್.

ಬ್ಯಾಕ್‌ವಾಶ್ (ನೀರನ್ನು ಉಲ್ಟಾ ಹರಿಸಿ ಫಿಲ್ಟರ್ ತೊಳೆಯುವುದು) ಅನ್ನು ಮಾತ್ರ ವಾರದ ಲೆಕ್ಕದಲ್ಲಿ ಮಾಡಬೇಡಿ. ಸುಮ್ನೆ ನೀರು ಹೋಗುತ್ತದೆ. ಫಿಲ್ಟರ್ ತೊಳೆದ ದಿನ ಒತ್ತಡದ ಗೇಜ್ ಎಷ್ಟು ತೋರಿಸುತ್ತದೆ ಅಂತ ಬರೆದಿಡಿ. ಅದಕ್ಕಿಂತ ಅರ್ಧ ಬಾರ್ ಜಾಸ್ತಿಯಾದಾಗ ಮಾಡಿ. ಪಂಪ್ ನಿಲ್ಲಿಸದೆ ವಾಲ್ವ್ ಹಿಡಿಕೆ ತಿರುಗಿಸಬೇಡಿ, ಒಳಗಿನ ರಬ್ಬರ್ ಕಿತ್ತುಬರುತ್ತದೆ.

ಈಗಿರುವ ಪಾಚಿಗೆ: ಸಯನ್ಯೂರಿಕ್ ಸರಿ ಹೋದ ಮೇಲೆ ಪಿಹೆಚ್ 7.2ಕ್ಕೆ ಇಳಿಸಿ, ಒಂದೇ ಸಂಜೆ 10 ಪಿಪಿಎಂ ಏರುವಷ್ಟು ಹೈಪೋ ಹಾಕಿ, ಅಂದರೆ 4.3 ಲೀಟರ್. ಚೆನ್ನಾಗಿ ಬ್ರಷ್ ಮಾಡಿ ಪಂಪ್ ರಾತ್ರಿಯಿಡೀ ಬಿಡಿ. ಹಸಿರು ಹೋಗಿ ನೀರು ಬೂದು ಬಣ್ಣಕ್ಕೆ ತಿರುಗಿದರೆ ಪಾಚಿ ಸತ್ತಿದೆ ಅಂತ ಅರ್ಥ. ರಾತ್ರಿ ಅಳೆದದ್ದಕ್ಕೂ ಬೆಳಗ್ಗೆ ಬಿಸಿಲು ಬೀಳುವ ಮುಂಚೆ ಅಳೆದದ್ದಕ್ಕೂ 1 ಪಿಪಿಎಂಗಿಂತ ಕಡಿಮೆ ವ್ಯತ್ಯಾಸ ಬರುವವರೆಗೆ ಮುಂದುವರಿಸಿ. ಕ್ಲೋರಿನ್ 3ಕ್ಕೆ ಇಳಿಯುವವರೆಗೆ ಯಾರೂ ಇಳಿಯಬೇಡಿ.

ಮೈಲುತುತ್ತ ಹಾಕಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಅದಕ್ಕೆ ಜಾಗ ಇದೆ, ಪೂಲಿನಲ್ಲಿ ಬೇಡ. ಪಾಚಿ ಹೋದರೂ ತಾಮ್ರ ನೀರಲ್ಲೇ ಉಳಿದು ಗೋಡೆಗೆ ಕಲೆ ಕಟ್ಟುತ್ತದೆ. ಇನ್ನೊಂದು, ಇದು ಜೀವದ ಮಾತು: ಹೈಪೋ ಮತ್ತು ಆಸಿಡ್ ಒಂದೇ ಬಕೆಟ್ಟಿಗೆ, ಒಂದೇ ಮಗ್ಗಿಗೆ ಯಾವತ್ತೂ ಬೀಳಬಾರದು. ವಿಷದ ಗಾಳಿ ಏಳುತ್ತದೆ. ಉಳಿದ ಮಾತ್ರೆಗಳನ್ನು ಬೇರೆ ಯಾವ ಕ್ಲೋರಿನ್ ಪುಡಿಯ ಜೊತೆಗೂ ಇಡಬೇಡಿ, ಬೆಂಕಿ ಹತ್ತಿಕೊಳ್ಳಬಹುದು. ನಮ್ಮಲ್ಲಿ ಮಗ್ಗಿನ ಬಣ್ಣವೇ ಬೇರೆ ಬೇರೆ, ಇಡುವ ಕೋಣೆಯೂ ಬೇರೆ.

ಮನೆಗೆ ಬಂದ ನೆಂಟರಿಗೂ ಪ್ರೀತಿಯಿಂದಲೇ ಹೇಳಿ: ತಲೆಗೆ ಎಣ್ಣೆ ಹಚ್ಚಿಕೊಂಡು ಇಳಿಯುವುದು ಬೇಡ, ಮೊದಲು ಸೋಪು ಹಾಕಿ ಸ್ನಾನ. ಕಣ್ಣುರಿ ಬರಿಸುವ ಆ ಘಾಟು ಕ್ಲೋರಿನ್ ಜಾಸ್ತಿಯಾಗಿ ಬರುವುದಲ್ಲ. ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿ ಬರುವುದು.

ನಾಳೆ ಸಂಜೆ ನಾಲ್ಕು ಅಂಕಿ ಅಳೆದು ಇಲ್ಲೇ ಕೆಳಗೆ ಬರೆಯಿರಿ: ಕ್ಲೋರಿನ್, ಪಿಹೆಚ್, ಆಲ್ಕಲಿನಿಟಿ (ಪಿಹೆಚ್ ಬೇಗ ಬದಲಾಗದಂತೆ ನೀರಿಗಿರುವ ತಡೆ), ಸಯನ್ಯೂರಿಕ್. ಕೊನೆಯದಕ್ಕೆ 100ರ ಗೆರೆಗೂ ಮೊದಲೇ ಚುಕ್ಕೆ ಮಾಯವಾದರೆ ಪೂಲ್ ನೀರಿಗೆ ಅಷ್ಟೇ ನಲ್ಲಿ ನೀರು ಬೆರೆಸಿ ಮತ್ತೆ ಮಾಡಿ, ಬಂದ ಅಂಕಿಯನ್ನು ಎರಡರಿಂದ ಗುಣಿಸಿ. ಎಷ್ಟು ನೀರು ತೆಗೆಯಬೇಕು ಅಂತ ನಾನು ಲೆಕ್ಕ ಹಾಕಿ ಹೇಳುತ್ತೇನೆ. ಅಲ್ಲಿಯವರೆಗೆ ಮೋಟಾರ್ ಹಚ್ಚಿ ಖಾಲಿ ಮಾಡಲು ಬಿಡಬೇಡಿ.