ಹಳೇ ಬೆಂಜ್‌ನ ಕಟಕಟ ಶಬ್ದಕ್ಕೆ ಮೊದಲು ಯಾವ ಪಾರ್ಟ್ ಬದಲಾಯಿಸಬೇಕು?

ಪ್ರಶ್ನೆ: ನನ್ನ ಹತ್ತಿರ 1996ರ ಬೆಂಜ್ ಇ220 ಇದೆ, ಡಬ್ಲ್ಯೂ124 ಮಾಡೆಲ್. ಹಂಪ್ ಹತ್ತಿ ಇಳಿದರೆ ಮುಂದಿನಿಂದ ಕಟಕಟ ಅನ್ನುತ್ತೆ. 80 ದಾಟಿದರೆ ಸ್ಟಿಯರಿಂಗ್ ಸಡಿಲ ಅನ್ನಿಸುತ್ತೆ. ಮೂತಿ ಬೇರೆ ಸ್ವಲ್ಪ ಕೆಳಗೆ ಕೂತಿದೆ. ಮೆಕ್ಯಾನಿಕ್ ನಾಲ್ಕೂ ಶಾಕ್ಸ್ ಬದಲಾಯಿಸಿ ಅಂತಾರೆ. ಬಿಲ್‌ಸ್ಟೈನ್ ಕಂಪನಿಯ ಬಿ6 ಶಾಕ್ಸ್ ಹಾಕಿಸಲಾ, ಸ್ಯಾಕ್ಸ್ ಕಂಪನಿಯದು ಸಾಕಾ? ಜೋಡಣೆಗಳಲ್ಲಿರುವ ರಬ್ಬರ್ ಬುಶ್‌ಗಳ ಬದಲು ಗಟ್ಟಿ ಪ್ಲಾಸ್ಟಿಕ್‌ನಂಥ ಪಾಲಿಯುರೇಥೇನ್ ಒಳ್ಳೇದಾ?

ಉತ್ತರ:

ಶಾಕ್ಸ್ ಇನ್ನೂ ಆರ್ಡರ್ ಮಾಡಿಲ್ಲ ತಾನೇ? ಹಾಗಾದರೆ ಎರಡು ವಾರ ತಡೆಯಿರಿ. ನೀವು ಹೇಳಿದ ಮೂರು ತೊಂದರೆಗಳಲ್ಲಿ ಮೂತಿ ಕೂತಿರುವುದಕ್ಕೂ ಶಾಕ್ಸ್‌ಗೂ ಸಂಬಂಧವೇ ಇಲ್ಲ. ಸ್ಟಿಯರಿಂಗ್ ಸಡಿಲಕ್ಕೆ ಇರೋದು ಕಡಿಮೆ. ಕಟಕಟಕ್ಕೆ ಇರಬಹುದು, ಇಲ್ಲದೆಯೂ ಇರಬಹುದು.

ನನ್ನ ಹತ್ತಿರ ನಿಮ್ಮ ಕಾರಿನ ವಯಸ್ಸಿನದೇ ಇ250 ಡೀಸೆಲ್ ಇದೆ. ಮಾವ ಕೊಂಡಿದ್ದು. ಅವರು ಓಡಿಸುವುದು ಬಿಟ್ಟ ಮೇಲೆ ನನ್ನ ಪಾಲಿಗೆ ಬಂತು, ಜೊತೆಗೆ ಇದೇ ಕಟಕಟವೂ ಬಂತು. ನಾನು ಜಾಸ್ತಿ ಯೋಚನೆ ಮಾಡದೆ ನಾಲ್ಕೂ ಹೊಸ ಶಾಕ್ಸ್ ಹಾಕಿಸಿದೆ. ಗ್ಯಾರೇಜಿನಿಂದ ಹೊರಗೆ ಬಂದು ಮೊದಲ ಹಂಪನ್ನು, ಉದ್ದನೆಯ ಕಾರು ಅಲ್ವಾ, ಓರೆಯಾಗಿ ಹತ್ತಿಸಿ ಇಳಿಸಿದೆ. ಕಟಕಟ. ಪಕ್ಕದಲ್ಲಿ ಕೂತಿದ್ದ ಮಾವ ಏನೂ ಅನ್ನಲಿಲ್ಲ, ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ನಕ್ಕರು. ಕೊನೆಗೆ ಸಿಕ್ಕಿಬಿದ್ದ ಕಳ್ಳ ಯಾರು ಗೊತ್ತಾ? ಮುಂದಿನ ಆಂಟಿ ರೋಲ್ ಬಾರ್, ಅಂದರೆ ಎಡಬಲ ಚಕ್ರಗಳ ನಡುವಿನ ಉಕ್ಕಿನ ಸರಳು, ಅದನ್ನು ಹಿಡಿದುಕೊಳ್ಳುವ ರಬ್ಬರ್ ಬುಶ್. ಎರಡು ಬೆರಳಗಲದ ತುಂಡು. ನಾಲ್ಕು ಜನ ಮಸಾಲೆ ದೋಸೆ ತಿಂದರೆ ಆಗುವ ಬಿಲ್ಲಿನಷ್ಟೂ ಬೆಲೆ ಇರಲಿಲ್ಲ ಅದಕ್ಕೆ.

ಈ ಬಾರ್ ಕೆಲಸ ಮಾಡುವುದು ಎಡಗಡೆ ಬಲಗಡೆ ಚಕ್ರಗಳು ಬೇರೆ ಬೇರೆಯಾಗಿ ಮೇಲೆ ಕೆಳಗೆ ಹೋದಾಗ ಮಾತ್ರ. ಹಾಗಾಗಿ ಒಂದು ಸುಲಭದ ಪರೀಕ್ಷೆ ಇದೆ. ಕಿಟಕಿ ಇಳಿಸಿ, ಹಾಡು ನಿಲ್ಲಿಸಿ, ನಡಿಗೆಯ ವೇಗದಲ್ಲಿ ಹಂಪಿಗೆ ನೇರವಾಗಿ ಹೋಗಿ. ಎರಡೂ ಚಕ್ರ ಒಟ್ಟಿಗೆ ಹತ್ತಲಿ. ಆಮೇಲೆ ಅದೇ ಹಂಪನ್ನು ಓರೆಯಾಗಿ ಹತ್ತಿಸಿ. ನೇರ ಹೋದಾಗ ಸುಮ್ಮನಿದ್ದು, ಓರೆ ಹೋದಾಗ ಮಾತ್ರ ಶಬ್ದ ಬಂದರೆ ಮೊದಲ ಅನುಮಾನ ಬಾರ್ ಬುಶ್ ಮೇಲೆ. ಎರಡೂ ಸಲ ಬಂದರೆ ಶಾಕ್‌ನ ತಲೆಯ ಮೇಲಿರುವ ರಬ್ಬರ್ ಮೌಂಟ್, ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಬಾಡಿಗೆ ಹಿಡಿದಿಡುವ ತೋಳು) ಬುಶ್, ಬಾಲ್ ಜಾಯಿಂಟ್ (ಆ ತೋಳಿನ ತುದಿಗೆ ಚಕ್ರವನ್ನು ಕೂಡಿಸುವ ಗುಂಡು ಕೀಲು), ಆಮೇಲೆ ಶಾಕ್, ಈ ವರಸೆಯಲ್ಲಿ ನೋಡಿ.

ಬಾಲ್ ಜಾಯಿಂಟ್ ವಿಷಯದಲ್ಲಿ ಹುಷಾರಾಗಿರಿ. ಬೇರೆಯದು ಸವೆದರೆ ಶಬ್ದ ಬರುತ್ತೆ ಅಷ್ಟೇ. ಇದು ಕಳಚಿಕೊಂಡರೆ ಚಕ್ರವೇ ಮಡಚಿಕೊಳ್ಳುತ್ತೆ. ಬಹಳ ಗ್ಯಾರೇಜುಗಳಲ್ಲಿ ಕಾರನ್ನು ಬಾಡಿಯಿಂದ ಎತ್ತಿ, ಚಕ್ರ ಅಲ್ಲಾಡಿಸಿ, 'ಪ್ಲೇ ಇಲ್ಲ ಸಾರ್' (ಸಡಿಲ ಇಲ್ಲ) ಅಂದುಬಿಡುತ್ತಾರೆ. ಈ ಕಾರಿನಲ್ಲಿ ಸ್ಪ್ರಿಂಗ್ ಕೂತಿರುವುದು ಶಾಕ್ ಸುತ್ತ ಅಲ್ಲ, ಲೋವರ್ ಆರ್ಮ್ ಮೇಲೆ. ಚಕ್ರ ನೇತಾಡಿದರೂ ಸ್ಪ್ರಿಂಗ್ ಜಾಯಿಂಟನ್ನು ಒತ್ತಿ ಹಿಡಿದಿರುತ್ತೆ, ಪ್ಲೇ ಕಾಣುವುದೇ ಇಲ್ಲ. ಜಾಕನ್ನು ಲೋವರ್ ಆರ್ಮ್ ಕೆಳಗೇ ಕೊಟ್ಟು ಎತ್ತಬೇಕು. ಆಮೇಲೆ ಟೈರ್ ಕೆಳಗೆ ಹಾರೆ ತೂರಿಸಿ ಮೀಟಿದರೆ ಇರುವ ಪ್ಲೇ ಕಣ್ಣಿಗೆ ಕಾಣುತ್ತೆ.

ಸ್ಟಿಯರಿಂಗ್ ಸಡಿಲಕ್ಕೆ ಇನ್ನೊಬ್ಬರನ್ನು ಸೀಟಿನಲ್ಲಿ ಕೂರಿಸಿ. ಚಕ್ರಗಳು ನೆಲದ ಮೇಲೇ ಇರಲಿ, ಅವರು ಸ್ಟಿಯರಿಂಗನ್ನು ಗಡಿಯಾರದ ಹನ್ನೊಂದರಿಂದ ಒಂದರವರೆಗೆ ಅತ್ತಿತ್ತ ಆಡಿಸಲಿ. ನೀವು ಟಾರ್ಚ್ ಹಿಡಿದು ಕೆಳಗಿನಿಂದ ಒಂದೊಂದೇ ಜಾಯಿಂಟ್ ನೋಡಿ. ಐಡ್ಲರ್ ಆರ್ಮ್‌ನ (ಸ್ಟಿಯರಿಂಗ್ ಸರಳುಗಳ ಇನ್ನೊಂದು ತುದಿ ಹಿಡಿದಿಡುವ ತೋಳಿನ) ಬುಶ್ ಈ ಮಾಡೆಲ್‌ನಲ್ಲಿ ಹೋಗುವುದು ಮಾಮೂಲು. ಅದು ಹೋಗಿದ್ದರೆ ಆರ್ಮ್ ತಿರುಗುವ ಬದಲು ಮೊದಲು ಮೇಲೆ ಕೆಳಗೆ ತೂಗುತ್ತೆ. ಇದೂ ಸಣ್ಣ ಕಿಟ್, ಸಣ್ಣ ಖರ್ಚು.

ಇಷ್ಟೆಲ್ಲಾ ರಬ್ಬರ್ ಬಗ್ಗೆಯೇ ಯಾಕೆ ಕೊರೆಯುತ್ತಿದ್ದೇನೆ ಅಂದರೆ, ಈ ಕಾರಿನ ಮೆತ್ತಗಿನ ಓಟದ ಗುಟ್ಟು ಅರ್ಧಕ್ಕರ್ಧ ಇರುವುದೇ ಅಲ್ಲಿ. ಹಿಂದಿನ ಒಂದೊಂದು ಚಕ್ರಕ್ಕೂ ಐದೈದು ಲಿಂಕ್‌ಗಳಿವೆ. 1982ರಲ್ಲಿ ಬಂದ ಸಣ್ಣ ಬೆಂಜ್ 190ರಲ್ಲಿ ಮೊದಲು ಬಂದ ವ್ಯವಸ್ಥೆ ಅದು. ನಿಮ್ಮ ಕಾರಿಗೂ ಅದೇ ಬಂತು. ಒಂದೊಂದು ಲಿಂಕ್‌ನ ತುದಿಯಲ್ಲೂ ಜಾಯಿಂಟ್, ಹೆಚ್ಚಿನವು ರಬ್ಬರ್. ಚಕ್ರ ಮೇಲೆ ಹೋದಾಗ ಆ ರಬ್ಬರ್‌ಗಳು ಹಿಂಡಿದ ಬಟ್ಟೆಯ ಹಾಗೆ ನಾಲ್ಕೂ ದಿಕ್ಕಿಗೆ ತಿರುಚಿಕೊಳ್ಳುತ್ತವೆ. ತಿರುಚಿಕೊಳ್ಳಲಿ ಅಂತಲೇ ಲೆಕ್ಕ ಹಾಕಿ ಮಾಡಿದ್ದು.

ಪಾಲಿಯುರೇಥೇನ್ ಪ್ರಶ್ನೆಗೂ ಇಲ್ಲೇ ಉತ್ತರ ಸಿಕ್ಕಿತು. ಪಾಲಿ ಬುಶ್ ತಿರುಚಿಕೊಳ್ಳುವುದಿಲ್ಲ, ಒಳಗಿನ ಲೋಹದ ಕೊಳವೆಯ ಮೇಲೆ ಜಾರಿ ತಿರುಗುತ್ತೆ. ಒಂದೇ ದಿಕ್ಕಿಗೆ ತಿರುಗುವ ಜಾಗದಲ್ಲಿ ಪರವಾಗಿಲ್ಲ. ಐದು ಲಿಂಕ್‌ಗಳು ಐದು ಕಡೆ ಎಳೆಯುವ ಜಾಗದಲ್ಲಿ ಅದು ಬಿಗಿದುಕೊಳ್ಳುತ್ತೆ. ಗ್ರೀಸ್ ಒಣಗಿದ ಮೇಲೆ ಹಳೇ ಮಂಚದ ಹಾಗೆ ಕಿರಕಿರ. ರಸ್ತೆಯ ನಡುಕವೆಲ್ಲಾ ಸೀಟಿಗೆ ಬರುತ್ತೆ. ರೇಸ್‌ಗೆ ಹೋಗುವವರು ಹಾಕಿಕೊಳ್ಳಲಿ. ನೀವು ಬೇಡ.

ಇನ್ನು ಯಾರ ರಬ್ಬರ್? ಲೋವರ್ ಆರ್ಮ್, ಬಾಲ್ ಜಾಯಿಂಟ್, ಹಿಂದಿನ ಲಿಂಕ್‌ಗಳಿಗೆ ನನ್ನ ಮೊದಲ ಆಯ್ಕೆ ಲೆಮ್‌ಫರ್ಡರ್. ಜರ್ಮನಿಯ ಜೆಡ್‌ಎಫ್ ಗುಂಪಿನ ಕಂಪನಿ, ಬೆಂಜ್‌ಗೇ ಪಾರ್ಟ್ ಮಾಡಿ ಕೊಡುವವರು. ನನ್ನ ಕಾರಿಗೆ ಲೆಮ್‌ಫರ್ಡರ್ ಡಬ್ಬಿಯಲ್ಲಿ ಬಂದ ಲಿಂಕನ್ನು ಕೈಯಲ್ಲಿ ಹಿಡಿದು ನೋಡಿದೆ. ಲೋಹದ ಮೇಲೆ ಒಂದು ಕಡೆ, ಹುರಿಗಡಲೆ ಗಾತ್ರದ ಜಾಗ ಗ್ರೈಂಡರ್ ಕೊಟ್ಟು ಉಜ್ಜಿದ ಹಾಗಿತ್ತು. ಬೆರಳಿನಲ್ಲಿ ಸವರಿದರೆ ನುಣುಪು, ಸುತ್ತ ಒರಟು. ಮೊದಲು ಯಾರೋ ಬಳಸಿದ ಮಾಲು ಕೊಟ್ಟರು ಅಂತ ಸಿಟ್ಟು ಬಂತು. ಆಮೇಲೆ ಗೊತ್ತಾಯಿತು, ಅದು ಬೆಂಜ್‌ನ ನಕ್ಷತ್ರ ಇದ್ದ ಜಾಗ. ಅದೇ ಅಚ್ಚಿನಲ್ಲಿ ಬಂದ ಮಾಲು. ಬೆಂಜ್ ಡಬ್ಬಿಗೆ ಹೋದರೆ ನಕ್ಷತ್ರದ ಸಮೇತ, ಸ್ವಂತ ಡಬ್ಬಿಗೆ ಹೋದರೆ ನಕ್ಷತ್ರ ಅಳಿಸಿ. ವ್ಯತ್ಯಾಸ ಬೆಲೆಯಲ್ಲಿ ಮಾತ್ರ. ಹೊಸ ಪಾರ್ಟ್ ಮೇಲೆ ಉಜ್ಜಿದ ಗುರುತು ಕಂಡರೆ ಗಾಬರಿ ಬೇಡ.

ಗಾಬರಿ ಆಗಬೇಕಾದ್ದು ಬೇರೆ ಕಡೆ. ಒಮ್ಮೆ ಒಂದು ಅಂಗಡಿಯಲ್ಲಿ 'ಒರಿಜಿನಲ್ ಬಿಲ್‌ಸ್ಟೈನ್ ಬುಶ್' ಅಂತ ಕೊಟ್ಟರು. ಮನೆಗೆ ಬಂದು ನೋಡಿದರೆ ಫೆಬಿ ಬಿಲ್‌ಸ್ಟೈನ್. ಇವೆರಡೂ ಬೇರೆ ಬೇರೆ ಕಂಪನಿಗಳು. ಎರಡೂ ಜರ್ಮನಿಯ ಎನ್ನೆಪೆಟಾಲ್ ಊರಿನವೇ ಆದ್ದರಿಂದ ಗೊಂದಲ. ಶಾಕ್ಸ್ ಮಾಡುವವರು ಬಿಲ್‌ಸ್ಟೈನ್. ಬುಶ್ಶು, ಬೋಲ್ಟು ಅಂತ ಸಾವಿರಾರು ಸಣ್ಣ ಪಾರ್ಟ್ ಮಾರುವವರು ಫೆಬಿ. ಫೆಬಿ ಕೆಟ್ಟದ್ದು ಅಂತಲ್ಲ, ನಾನೂ ಕೆಲವು ಕಡೆ ಹಾಕಿದ್ದೇನೆ. ಆದರೆ ಫೆಬಿ ಮಾಲಿಗೆ ಫೆಬಿ ಬೆಲೆ ಕೊಡಿ.

ಪಾರ್ಟ್ ನಂಬರ್ ಬಗ್ಗೆ ಒಂದು ಮಾತು. ಬೆಂಜ್ ನಂಬರ್ ಎ ಅಕ್ಷರದಿಂದ ಶುರುವಾಗಿ, ನಂತರದ ಮೂರು ಅಂಕಿಗಳು ಆ ಪಾರ್ಟ್ ಮೊದಲು ಯಾವ ಮಾಡೆಲ್‌ಗೆ ಮಾಡಿದ್ದು ಅಂತ ಹೇಳುತ್ತವೆ. ನಿಮ್ಮದು 124. ಆದರೆ ಸಸ್ಪೆನ್ಷನ್‌ನ ಎಷ್ಟೋ ಪಾರ್ಟ್‌ಗಳ ನಂಬರ್ 201ರಿಂದ ಶುರುವಾಗುತ್ತೆ. ಅಂಗಡಿಯವರು ತಪ್ಪು ಕೊಟ್ಟರು ಅಂದುಕೊಳ್ಳಬೇಡಿ. 201 ಅಂದರೆ ಮೇಲೆ ಹೇಳಿದ ಆ ಸಣ್ಣ 190. ಅಣ್ಣನ ಶರ್ಟ್ ತಮ್ಮನಿಗೆ ಬರುವುದು ಲೋಕರೂಢಿ, ಇಲ್ಲಿ ಉಲ್ಟಾ. ನಮ್ಮ ಕಾರುಗಳನ್ನು ಬೆಂಜ್‌ನವರು ಪುಣೆಯಲ್ಲಿ ಟೆಲ್ಕೋ (ಈಗಿನ ಟಾಟಾ ಮೋಟಾರ್ಸ್) ಜೊತೆಗೂಡಿ ಜೋಡಿಸಿದ್ದು, ಆದರೂ ಪಾರ್ಟ್‌ಗಳು ಹೊರದೇಶದವೇ ಹೊಂದುತ್ತವೆ. ಸ್ಟಿಯರಿಂಗ್ ಸಾಮಾನು ತರಿಸುವಾಗ ಮಾತ್ರ ಬಲಗೈ ಡ್ರೈವ್‌ಗೆ ಹೊಂದುತ್ತಾ ಅಂತ ಎರಡು ಸಲ ಕೇಳಿ.

ಗುಜರಿ ಮಾರ್ಕೆಟ್‌ನಲ್ಲಿ, ಅದು ಶಿವಾಜಿನಗರ ಇರಲಿ, ಚೆನ್ನೈನ ಪುದುಪೇಟೆ ಇರಲಿ, ಲೋಹದ ಸಾಮಾನು ಧೈರ್ಯವಾಗಿ ತಗೊಳ್ಳಿ. ರಬ್ಬರ್ ತಗೋಬೇಡಿ. ಇಪ್ಪತ್ತು ವರ್ಷ ಕಪಾಟಿನಲ್ಲಿದ್ದ 'ಸೀಲ್ ಒಡೆಯದ' ರಬ್ಬರ್ ಕೂಡ ಇಪ್ಪತ್ತು ವರ್ಷದ ರಬ್ಬರೇ.

ಈಗ ಮೂತಿ ಕೂತಿರುವ ವಿಷಯ. ಇದಕ್ಕೆ ಬಹಳ ಜನ ಸ್ಪ್ರಿಂಗ್ ಸುತ್ತುಗಳ ಮಧ್ಯೆ ರಬ್ಬರ್ ಬಫರ್ ತುರುಕುತ್ತಾರೆ. ದಯವಿಟ್ಟು ಬೇಡ. ಸ್ಪ್ರಿಂಗ್‌ನ ಒಂದೆರಡು ಸುತ್ತು ಕೆಲಸವನ್ನೇ ನಿಲ್ಲಿಸಿಬಿಡುತ್ತೆ, ಉಳಿದವಕ್ಕೆ ಹೊರೆ ಜಾಸ್ತಿ. ಬೆಂಜ್‌ನವರೇ ಇದಕ್ಕೊಂದು ಅಂದವಾದ ದಾರಿ ಮಾಡಿಟ್ಟಿದ್ದಾರೆ. ಸ್ಪ್ರಿಂಗ್‌ನ ಮೇಲ್ತುದಿಗೂ ಬಾಡಿಗೂ ನಡುವೆ ಒಂದು ರಬ್ಬರ್ ಬಳೆ ಇರುತ್ತೆ. ಅದರ ಅಂಚಿನಲ್ಲಿ ಸಣ್ಣ ಸಣ್ಣ ಗುಬುಟು. ಒಂದು ಗುಬುಟಿದ್ದರೆ ದಪ್ಪ 8 ಮಿಮೀ. ಎರಡಕ್ಕೆ 13, ಮೂರಕ್ಕೆ 18, ನಾಲ್ಕಕ್ಕೆ 23. ಕಾರಿನಲ್ಲಿ ಎಸಿ, ಸನ್‌ರೂಫ್ ಅಂತ ಏನೇನಿದೆ ಅದಕ್ಕೆಲ್ಲಾ ಪಾಯಿಂಟ್ ಕೂಡಿಸಿ, ಯಾವ ಸ್ಪ್ರಿಂಗ್, ಯಾವ ಬಳೆ ಅಂತ ಫ್ಯಾಕ್ಟರಿಯಲ್ಲೇ ತೀರ್ಮಾನ ಮಾಡುತ್ತಿದ್ದರು. ಹಳೇ ಬಳೆ ಚಪ್ಪಟೆಯಾಗಿದ್ದರೆ ಹೊಸದು ಹಾಕಿದ ಕೂಡಲೇ ಮೂತಿ ಸ್ವಲ್ಪ ಏಳುತ್ತೆ. ಸ್ಪ್ರಿಂಗೇ ಬಳಲಿದ್ದರೆ ಒಂದು ಗುಬುಟು ಜಾಸ್ತಿಯದು ಹಾಕಿ ನೋಡಬಹುದು. ಸ್ಪ್ರಿಂಗ್ ತುದಿ ಮುರಿದಿದ್ದರೆ ಅಥವಾ ತುಕ್ಕು ತಿಂದಿದ್ದರೆ ಜೋಡಿಯಾಗಿ ಹೊಸದು. ಹಳೇದರ ಮೇಲೆ ಕೆತ್ತಿದ ನಂಬರ್ ಓದಿ ಅದನ್ನೇ ತರಿಸಿ. 'ಇ ಕ್ಲಾಸ್ ಸ್ಪ್ರಿಂಗ್ ಕೊಡಿ' ಅಂದರೆ ನನ್ನ ಕಾರಿನದು ಕೊಟ್ಟಾರು. ನನ್ನದು ಐದು ಸಿಲಿಂಡರ್ ಡೀಸೆಲ್, ಇಂಜಿನ್ ತೂಕ ಜಾಸ್ತಿ. ಅದರ ಸ್ಪ್ರಿಂಗ್ ನಿಮ್ಮ ನಾಲ್ಕು ಸಿಲಿಂಡರ್ ಪೆಟ್ರೋಲ್‌ಗೆ ಹಾಕಿದರೆ ಮೂತಿ ಆಕಾಶ ನೋಡುತ್ತೆ.

ಶಾಕ್ಸ್ ಬಗ್ಗೆ ಕೇಳಿದ್ದಿರಲ್ಲ, ಹೇಳಿಬಿಡುತ್ತೇನೆ. ಎಣ್ಣೆ ಸೋರಿದ್ದರೆ, ಅಥವಾ ಹಂಪ್ ಇಳಿದ ಮೇಲೂ ಕಾರು ತೊಟ್ಟಿಲ ಹಾಗೆ ತೂಗುತ್ತಿದ್ದರೆ ಬದಲಾಯಿಸಿ, ಜೋಡಿಯಾಗಿ. ಬಿಲ್‌ಸ್ಟೈನ್‌ನಲ್ಲಿ ಬಿ4 ಕಂಪನಿ ಶಾಕ್‌ಗೆ ಬದಲಿ. ಬಿ6 ಅದೇ ಎತ್ತರ, ಆದರೆ ಗಡಸು. ಬಿ8 ಕಾರು ತಗ್ಗಿಸಿದವರಿಗೆ, ಗಿಡ್ಡ. ನಮ್ಮ ಊರುಗಳ ರಸ್ತೆಗೆ, ಸಂಸಾರ ಕೂರಿಸಿಕೊಂಡು ಓಡಿಸುವ ಕಾರಿಗೆ, ನನ್ನ ಓಟು ಸ್ಯಾಕ್ಸ್ ಅಥವಾ ಬಿ4ಗೆ. ಅವೆರಡರಲ್ಲಿ ಯಾವುದು ಬೇಗ ಸಿಗುತ್ತೋ ಅದು. ಬಿ6 ಹಾಕಿದ ಒಂದು ಕಾರಿನಲ್ಲಿ ಕೂತಿದ್ದೇನೆ. ಹೈವೇಯಲ್ಲಿ ಅದ್ಭುತ. ಊರೊಳಗೆ ಒಂದೊಂದು ಗುಂಡಿಯ ಆಳವನ್ನೂ ಬೆನ್ನುಮೂಳೆ ಅಳೆದು ಹೇಳುತ್ತೆ. ಅಂದಹಾಗೆ ನಿಮ್ಮ ಕಾರಿನಲ್ಲಿ ಯಾರಾದರೂ 17 ಇಂಚಿನ ಅಲಾಯ್ ಹಾಕಿದ್ದರೆ ಅದನ್ನು ತೆಗೆದು 15 ಇಂಚಿನ ಹಳೇ ವೀಲ್, 195/65 ಟೈರ್ ಹಾಕಿ ನೋಡಿ. ಅರ್ಧ ದೂರು ಅಲ್ಲೇ ಮುಗಿಯಬಹುದು.

ಕೆಲಸ ಮಾಡಿಸುವಾಗ ಎರಡು ವಿಷಯಕ್ಕೆ ಪಕ್ಕದಲ್ಲೇ ನಿಂತಿರಿ. ಮೆಕ್ಯಾನಿಕ್ ಬೈದುಕೊಂಡರೂ ಪರವಾಗಿಲ್ಲ. ಮೊದಲನೆಯದು ಪ್ರಾಣದ ವಿಷಯ. ಮುಂದಿನ ಆರ್ಮ್ ಇನ್ನೂ ಕೆಳಗೆ ಬೀಳದ ಹಾಗೆ ತಡೆಯುವುದು ಶಾಕ್. ಆರ್ಮ್ ಕೆಳಗೆ ಜಾಕ್ ಕೊಡದೆ ಶಾಕ್ ಬಿಚ್ಚಿದರೆ ಅದುಮಿಟ್ಟ ಸ್ಪ್ರಿಂಗ್ ಆರ್ಮನ್ನು ಒದ್ದುಕೊಂಡು ಹೊರಗೆ ಬರುತ್ತೆ. ಎದುರಿಗೆ ಮನುಷ್ಯ ಇದ್ದರೆ ಮುಗಿಯಿತು. ಸ್ಪ್ರಿಂಗ್ ತೆಗೆಯುವುದಕ್ಕೂ ಅದರ ಒಳಗೆ ಇಳಿಯುವ ಕಂಪ್ರೆಸರ್, ಅಂದರೆ ಸ್ಪ್ರಿಂಗ್ ಅದುಮುವ ಸಾಧನ, ಬೇಕು. ಸಣ್ಣ ಕಾರುಗಳಿಗೆ ಬಳಸುವ ಎರಡು ಕೊಕ್ಕೆಯ ಸಾಧನಕ್ಕೆ ಇಲ್ಲಿ ಸರಿಯಾಗಿ ಹಿಡಿಯಲು ಜಾಗವಿಲ್ಲ. ಒಳಗೆ ಇಳಿಯುವ ಕಂಪ್ರೆಸರ್ ಇಲ್ಲದ ಗ್ಯಾರೇಜಿಗೆ ಈ ಕೆಲಸ ಕೊಡಬೇಡಿ.

ಎರಡನೆಯದು ದುಡ್ಡಿನ ವಿಷಯ. ಬುಶ್‌ನ ರಬ್ಬರ್ ಒಳಗಿನ ಕಬ್ಬಿಣದ ಕೊಳವೆಗೆ ಅಂಟಿಕೊಂಡಿರುತ್ತೆ. ಚಕ್ರ ನೇತಾಡುವಾಗ ಬೋಲ್ಟ್ ಪೂರ್ತಿ ಟೈಟ್ ಮಾಡಿದರೆ ರಬ್ಬರ್ ಆ ಭಂಗಿಯಲ್ಲೇ ಕಚ್ಚಿಕೊಳ್ಳುತ್ತೆ. ಕಾರು ನೆಲಕ್ಕೆ ಇಳಿದಾಗ ದಿನವಿಡೀ ತಿರುಚಿಕೊಂಡೇ ಇರಬೇಕು. ನನ್ನ ಮೊದಲ ಲೋವರ್ ಆರ್ಮ್ ಬುಶ್‌ಗಳು ಹೀಗೇ ಒಂದೇ ವರ್ಷದಲ್ಲಿ ಹರಿದವು. ಪಾರ್ಟ್ ಡೂಪ್ಲಿಕೇಟ್ ಅಂತ ಅಂಗಡಿಯವರ ಜೊತೆ ಜಗಳ ಆಡಿ ಬಂದಿದ್ದೆ, ಪಾಪ. ಬೋಲ್ಟ್‌ಗಳನ್ನು ಸುಮ್ನೆ ಕೈಬಿಗಿಯಲ್ಲಿ ಬಿಟ್ಟು, ಕಾರು ನಾಲ್ಕೂ ಚಕ್ರದ ಮೇಲೆ ಇಳಿದು, ಒಂದೆರಡು ಸಲ ಹಿಂದೆ ಮುಂದೆ ಉರುಳಿದ ಮೇಲೆ ಕಡೇ ಟೈಟ್. ಇದಕ್ಕೆ ಪಿಟ್ ಇರುವ ಗ್ಯಾರೇಜ್ ಹುಡುಕಿ. ಅದೆಲ್ಲಾ ಆದ ಮೇಲೆ ಅಲೈನ್‌ಮೆಂಟ್, ಮೊದಲೇ ಅಲ್ಲ.

ಈಗ ನೀವು ಮಾಡಬೇಕಾದ್ದು ಹಂಪಿನ ಪರೀಕ್ಷೆ, ಮತ್ತೆ ಟಾರ್ಚ್ ಹಿಡಿದು ಕೆಳಗೆ ಒಂದು ಸಲ ಇಣುಕುವುದು. ಸ್ಪ್ರಿಂಗ್ ತಲೆಯ ಮೇಲಿನ ಬಳೆಯಲ್ಲಿ ಎಷ್ಟು ಗುಬುಟು ಕಾಣುತ್ತೆ, ಓರೆ ಹೋದಾಗ ಮಾತ್ರ ಶಬ್ದ ಬರುತ್ತಾ, ಇಲ್ಲೇ ಕೆಳಗೆ ಬರೆಯಿರಿ. ಯಾವ ಪಾರ್ಟ್ ತರಿಸಬೇಕು ಅಂತ ಆಮೇಲೆ ಕೂತು ಪಟ್ಟಿ ಮಾಡೋಣ.